ಕಳ್ಳನ ಮುಖಕ್ಕೆ ಕೂಡಿಬಂದ ನೆಂಟರು

ಮನುಷ್ಯರ ಮುಖದ ಮೇಲೆ ನನಗೆ ಮೊದಲಿನಿಂದಲೂ ನಂಬಿಕೆ ಕಡಿಮೆ. ಈಗೀಗ ಅದನ್ನು ನೋಡಿದ ಕಣ್ಣಿನ ಮೇಲೂ ಇಲ್ಲ. ನಮ್ಮ ಶಿರಾ ಕಡೆಯವರು ಮುಖವನ್ನು ಮುಖವಾಗಿ ನೋಡುವುದೇ ಇಲ್ಲ. ಮಗು ಹುಟ್ಟಿದ ದಿನವೇ ಮೂಗು ಸೋದರಮಾವನದು, ಕಿವಿ ಅಜ್ಜನದು ಎಂದು ಪಾಲು ಹಂಚಿಬಿಡುತ್ತೇವೆ. ಈ ಚಾಳಿ ನನ್ನನ್ನು ಪೊಲೀಸ್ ಠಾಣೆಗೆ ಎಳೆದೊಯ್ಯುತ್ತದೆ ಎಂದು ಯಾರು ಎಣಿಸಿದ್ದರು?

ಪಕ್ಕದ ಮನೆಯ ಗಂಗಮ್ಮನ ಟಗರು ಹಾಡಹಗಲೇ ಕಳುವಾಯಿತು. ಹುಲಿಕುಂಟೆಯ ತವರಿನಿಂದ ಮರಿಯಾಗಿ ಬಂದು ಅವಳ ಕೈತುತ್ತಿನಲ್ಲಿ ಬೆಳೆದದ್ದು. ಅದನ್ನು ಹಿಡಿದುಕೊಂಡು ಹೋದವನನ್ನು ಜಗಲಿಯಲ್ಲಿ ಕೂತು ಕಣ್ಣಾರೆ ಕಂಡವರು ನಾನು ಮತ್ತು ನನ್ನ ಹೆಂಡತಿ ಸರೋಜ. ಕಂಡದ್ದಷ್ಟೇ ಅಲ್ಲ, ಗಂಗಮ್ಮನ ಕಡೆಯವನೇ ಇರಬೇಕೆಂದುಕೊಂಡು "ಬಿಸ್ಲು ಕಣಪ್ಪಾ, ನೆರಳಲ್ಲಿ ಹೊಡ್ಕಂಡ್ ಹೋಗು" ಎಂದು ಅವನಿಗೆ ಬುದ್ಧಿಯನ್ನೂ ಹೇಳಿದ್ದೆ. ಗಂಗಮ್ಮ ಊಟ ಬಿಟ್ಟು ಅಳುತ್ತಿದ್ದಳು. ನಾಚಿಕೆಯಾಗಿ, ಸಾಕ್ಷಿ ಹೇಳುತ್ತೇನೆಂದು ಸರೋಜಳ ಜೊತೆ ಹೊರಟೆ.

ಠಾಣೆಗೆ ಡ್ರಾಯಿಂಗ್ ಮೇಷ್ಟರೊಬ್ಬರನ್ನು ಕರೆಸಿದ್ದರು. "ಮೂಗು ಹೆಂಗಿತ್ತು ಸಾರ್?" ಎಂದರು. ಮೂಗು ಮೂಗಿನ ಹಾಗಿತ್ತು, ಇನ್ನೇನು ಹೇಳಲಿ? ತಡಕಾಡಿ, "ನಮ್ ಬಾಮೈದನ ಮೂಗಿನಂಗೆ" ಎಂದೆ. ಹಣೆ? ಮಾವನವರದು. ಮೀಸೆ? ಚಿಕ್ಕಮಾವನದು. ಮೇಷ್ಟರು ನನ್ನ ಮೊಬೈಲಿನಲ್ಲಿದ್ದ ಮದುವೆ ಫೋಟೊಗಳನ್ನು ನೋಡಿ ನೋಡಿ ಬರೆದರು. ಮುಗಿದ ಚಿತ್ರ ಕಂಡು ಸರೋಜ ಕೆಂಡವಾದಳು.

"ಇದು ನಮ್ ತಮ್ಮ ಕಣ್ರೀ! ಕಳ್ಳ ಅಂದೇಟ್ಗೆ ನಿಮ್ಗೆ ನಮ್ ತವ್ರುಮನೇರೇ ಕಾಣ್ತಾರಾ? ಏಳಿ, ನಾನ್ ಹೇಳ್ತೀನಿ."

ಹೇಳಿದಳು. ಈ ಸಲ ನನ್ನ ಕಡೆಯವರು: ನಮ್ಮಮ್ಮನ ಗಲ್ಲ, ನನ್ನ ತಮ್ಮನ ಹುಬ್ಬು, ನಮ್ಮಪ್ಪನ ಬೋಳುತಲೆ. ಪೇದೆ ಮೇಷ್ಟರ ಹೊಸ ಚಿತ್ರ ನೋಡಿದ, ನನ್ನನ್ನು ನೋಡಿದ, ಮತ್ತೆ ಹಾಳೆ ನೋಡಿದ.

"ಆವತ್ತು ಮಧ್ಯಾಹ್ನ ನೀವೆಲ್ಲಿದ್ರಿ ಸಾರ್?"

"ಜಗಲಿ ಮೇಲೆ."

"ಟಗರಿನ ಪಕ್ದಲ್ಲೇ ಅಂತಾಯ್ತು" ಎಂದು ಗೊಣಗಿದ.

ಕಳ್ಳ ಇನ್ನೂ ಸಿಕ್ಕಿಲ್ಲ. ಗಂಗಮ್ಮನಿಗೆ ಯಾರೋ ಆ ಎರಡನೇ ಚಿತ್ರ ತೋರಿಸಿದ್ದಾರೆ. ಅವಳು ನಮ್ಮ ಹಿತ್ತಲ ಗೋಡೆಗೆ ಕಿವಿಗೊಟ್ಟು, "ಬಾರೋ ನನ್ನಪ್ಪಾ" ಎಂದು ಮೆಲ್ಲಗೆ ಟಗರನ್ನು ಕರೆಯುವುದನ್ನು ನಾನೇ ಕಂಡೆ. ಪಾಪ ಎನಿಸಿತು, ಸಿಟ್ಟೂ ಬಂತು. ಮೊನ್ನೆ ಭಾನುವಾರ ಸಂತೆಯಿಂದ ಕೋಳಿ ತಂದು ಸಾರು ಮಾಡಿದೆವು. ಘಮ ಅವಳ ಮನೆಗೂ ಹೋಗಿರುತ್ತದಲ್ಲ, ಸುಮ್ಮನೆ ಅನುಮಾನ ಯಾಕೆಂದು ಪುಕ್ಕವನ್ನೆಲ್ಲ ಅವಳಿಗೆ ಕಾಣುವ ಹಾಗೆ ನಮ್ಮ ಬಾಗಿಲ ಮುಂದೆ ಹರಡಿದೆ. ಗಂಗಮ್ಮ ನಿಂತು ನೋಡಿ ಒಳಗೆ ಹೋದಳು. ನನಗೂ ನೆಮ್ಮದಿಯಾಯಿತು.

ಸಂಜೆ ಗಂಗಮ್ಮ ಬಂದು ಸರೋಜಳ ಕಿವಿಯಲ್ಲಿ, "ನಮ್ ಹುಂಜ ಬೆಳಗ್ಗಿಂದ ಕಾಣ್ತಿಲ್ಲ ಕಣಮ್ಮ" ಎಂದಳಂತೆ. ಇದನ್ನು ನನಗೆ ಹೇಳುವಾಗ ಸರೋಜ ನನ್ನ ಮುಖವನ್ನೇ ನೋಡುತ್ತಿದ್ದಳು.