ಎಲ್ಡರ್‌ಬಿಯವರು ಊರಿನಲ್ಲಿಲ್ಲ

ನ್ಯೂಜೆರ್ಸಿಯ ಎಲ್ಡರ್‌ಬಿ ಟೌನ್‌ಶಿಪ್ಪಿನಲ್ಲಿ ಕಳೆದ ಮಾರ್ಚ್ ಹದಿನಾಲ್ಕರಿಂದ ಜಾರಿಗೆ ಬರುವಂತೆ ಎಲ್ಡರ್‌ಬಿ ಎಂಬ ಹೆಸರಿನ ಮನುಷ್ಯರು ಯಾರೂ ಇರಲಿಲ್ಲ. ಊರಿನ ಕೊನೆಯ ಎಲ್ಡರ್‌ಬಿಯಾದ ಮಿಸ್ ಮಾರ್ಗರೆಟ್ ಎಲ್ಡರ್‌ಬಿ, ವಯಸ್ಸು ತೊಂಬತ್ತೊಂದು, ಅಂದು ಬೆಳಿಗ್ಗೆ ಮಂಡಿನೋವಿನ ನಿಮಿತ್ತ ಫ್ಲಾರಿಡಾಕ್ಕೆ ಹೊರಟುಹೋದರು. ಎಲ್ಡರ್‌ಬಿ ರಸ್ತೆ, ಎಲ್ಡರ್‌ಬಿ ಶಾಲೆ, ಎಲ್ಡರ್‌ಬಿ ಡ್ರೈ ಕ್ಲೀನರ್ಸ್, ಎಲ್ಡರ್‌ಬಿ ಹಲ್ಲಿನ ಡಾಕ್ಟರ ಶಾಪು, ಎಲ್ಲವೂ ಇದ್ದ ಜಾಗದಲ್ಲೇ ಇದ್ದವು. ಮನುಷ್ಯರು ಮಾತ್ರ ಮುಗಿದಿದ್ದರು.

ಬೇರೆ ಊರಾಗಿದ್ದರೆ ಇದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಈ ಊರಿಗೆ ಒಂದು ಮರಣಶಾಸನವಿತ್ತು. ಇಂಗ್ಲೆಂಡಿನಿಂದ ಬಂದು ಊರು ಕಟ್ಟಿದ ಜೋಸಾಯ ಎಲ್ಡರ್‌ಬಿ 1741ರಲ್ಲಿ ಊರ ನಡುವಿನ ಹನ್ನೆರಡು ಎಕರೆ ಹುಲ್ಲುಗಾವಲನ್ನು ಜನರಿಗೆ ಬಿಟ್ಟುಕೊಟ್ಟಿದ್ದ. ಷರತ್ತು ಒಂದೇ: 'ನೆರೆಹೊರೆಯವರ ಬಾಯಲ್ಲಿ ಸಹಜವಾಗಿ ಎಲ್ಡರ್‌ಬಿ ಎಂದು ಕರೆಯಲ್ಪಡುವ ಒಬ್ಬನಾದರೂ ಈ ಊರಿನಲ್ಲಿ ವಾಸವಾಗಿರತಕ್ಕದ್ದು.' ನೂರಿಪ್ಪತ್ತು ದಿನ ಅಂಥವನೊಬ್ಬ ಇಲ್ಲದೇ ಹೋದರೆ ಜಮೀನು ಮಾರಾಟಕ್ಕೆ. ಅರ್ಜಿ ಹಾಕಿ ಪಡೆದ ಹೆಸರು ನಡೆಯುವುದಿಲ್ಲ ಎಂದೂ ಬರೆಸಿದ್ದ. ಅವನಿಗೆ ತನ್ನ ಮಗಳ ಗಂಡನ ಮೇಲೆ ಅನುಮಾನವಿತ್ತಂತೆ. ಇನ್ನೂರೆಂಬತ್ತು ವರ್ಷಗಳ ಹಿಂದಿನ ಅಳಿಯನ ದೆಸೆಯಿಂದ ಈಗ ಊರಿನವರು ಕೋರ್ಟಿಗೆ ಹೋಗಿ ಹೆಸರು ಬದಲಾಯಿಸಿಕೊಳ್ಳುವ ದಾರಿಯೂ ಮುಚ್ಚಿತ್ತು. ಒಂದು ಗೋದಾಮು ಕಂಪನಿಯವರು ಆಗಲೇ ಬಂದು ಹುಲ್ಲುಗಾವಲನ್ನು ಅಳೆದು ಹೋಗಿದ್ದರು.

ಈ ಸುದ್ದಿಯಿಂದ ಎಲ್ಲರಿಗಿಂತ ಹೆಚ್ಚು ಕಂಗೆಟ್ಟವರು ಬದರೀನಾಥ ನರಗುಂದ. ಕ್ರ್ಯಾನ್‌ಬರಿಯ ಔಷಧಿ ಕಂಪನಿಯೊಂದರಲ್ಲಿ ಇಪ್ಪತ್ತಾರು ವರ್ಷ ಅಂಕಿಅಂಶ ನೋಡಿ ನಿವೃತ್ತರಾದ ಈ ಧಾರವಾಡದ ಹಿರಿಯರಿಗೆ ಹುಲ್ಲುಗಾವಲಿನ ಅಂಚಿನಲ್ಲಿ, ಟೌನ್‌ಶಿಪ್ಪಿನವರು ನಿವಾಸಿಗಳಿಗೆ ಹಂಚಿದ ತೋಟದಲ್ಲಿ, ಹದಿನೇಳನೆಯ ನಂಬರಿನ ಪಾತಿ ಸಿಕ್ಕಿತ್ತು. ಹತ್ತಡಿ ಅಗಲ, ಇಪ್ಪತ್ತಡಿ ಉದ್ದ. ಆರು ವರ್ಷ ಪಟ್ಟಿಯಲ್ಲಿ ಕಾದು ಪಡೆದದ್ದು. ಮನೆಯ ಕಿಟಕಿಯಲ್ಲಿ ಮೊಸರಿನ ಡಬ್ಬಿಗಳೊಳಗೆ ನಲವತ್ತು ಬದನೆ ಸಸಿಗಳು ಮೇ ತಿಂಗಳಿಗಾಗಿ ಕಾಯುತ್ತಿದ್ದವು. ಎಣಗಾಯಿಗೆ ಆಗುವ, ಮುಳ್ಳಿರುವ, ಹಸಿರು ಬದನೆ. ಬದರೀನಾಥರು ಮೊಮ್ಮಕ್ಕಳ ಫೋಟೋ ಕೇಳಿದರೆ ಹುಡುಕಾಡುತ್ತಿದ್ದರು, ಈ ಸಸಿಗಳ ಫೋಟೋ ಮಾತ್ರ ಕೇಳದೆಯೇ ತೋರಿಸುತ್ತಿದ್ದರು.

ಟೌನ್‌ಶಿಪ್ ಕಚೇರಿ ಕೈಕಟ್ಟಿ ಕೂರಲಿಲ್ಲ. 'ಎಲ್ಡರ್‌ಬಿ ಬೇಕಾಗಿದ್ದಾರೆ' ಎಂದು ಪ್ರಕಟಣೆ ಹೊರಡಿಸಿತು. ಅನುಭವ ಅಗತ್ಯವಿಲ್ಲ ಎಂದೂ ಅದರಲ್ಲಿತ್ತು. ಮೂರು ಅರ್ಜಿ ಬಂದವು. ಒಂದು ಎಲ್ಡರ್‌ಬಿ ಎಂಬ ನಾಯಿಯದು. ನಾಯಿಯನ್ನು ನೆರೆಹೊರೆಯವರು ಸಹಜವಾಗಿ ಹಾಗೆಯೇ ಕರೆಯುತ್ತಿದ್ದುದರಿಂದ ಟೌನ್‌ಶಿಪ್ಪಿನ ವಕೀಲರು ಎರಡು ವಾರ ಯೋಚಿಸಿ, ನಾಯಿಯ ಲೈಸೆನ್ಸ್ ನವೀಕರಿಸಿಲ್ಲ ಎಂಬ ಕಾರಣ ಸಿಕ್ಕ ಮೇಲೆ ತಿರಸ್ಕರಿಸಿದರು. ಉಳಿದ ಇಬ್ಬರು ಪೆನ್ಸಿಲ್ವೇನಿಯಾದವರು. ಅವರಿಗೆ ಈ ಊರಿನ ಮನೆಗಳ ಬೆಲೆ ಹೇಳಿದ ಕೂಡಲೇ ಹೆಸರು ನೆನಪಿಲ್ಲದಂತಾಯಿತು.

ಟೌನ್‌ಶಿಪ್ಪಿನ ಏಪ್ರಿಲ್ ಸಭೆಯಲ್ಲಿ ಬದರೀನಾಥರು ಎದ್ದು ನಿಂತರು. ಸಾರ್ವಜನಿಕರಿಗೆ ಮೂರು ನಿಮಿಷ. ಅಷ್ಟರಲ್ಲಿ ಅವರು ಉತ್ತರ ಕರ್ನಾಟಕದ ಅಡ್ಡಹೆಸರಿನ ಪದ್ಧತಿಯನ್ನು ಸಭೆಗೆ ವಿವರಿಸಿದರು. ನಮ್ಮ ಕಡೆ ಮನುಷ್ಯ ಯಾವ ಊರಿನವನೋ ಆ ಊರೇ ಅವನ ಹೆಸರು. ಇದಕ್ಕೆ ಅರ್ಜಿ ಬೇಡ, ಕೋರ್ಟು ಬೇಡ. ತಮ್ಮ ಅಜ್ಜ ನರಗುಂದ ಬಿಟ್ಟು ಧಾರವಾಡಕ್ಕೆ ಬಂದ ತಿಂಗಳೊಳಗೆ ಓಣಿಯ ಜನ ಅವರನ್ನು ನರಗುಂದ ಮಾಡಿದರು. ಅಷ್ಟೇಕೆ, ನಿಮ್ಮ ಜೋಸಾಯನೂ ಇಂಗ್ಲೆಂಡಿನ ಎಲ್ಡರ್‌ಬಿ ಎಂಬ ಹಳ್ಳಿಯಿಂದ ಬಂದದ್ದಕ್ಕೇ ಎಲ್ಡರ್‌ಬಿ ಆದದ್ದು ಎಂದರು.

ಸಭೆ ತಲೆದೂಗಿತು. ಹಾಗಾದರೆ ಈ ಊರಿನಲ್ಲಿರುವವರೆಲ್ಲ ಎಲ್ಡರ್‌ಬಿಗಳೇ ಅಲ್ಲವೇ ಎಂದು ಮೇಯರ್ ಕೇಳಿದರು. ಅಲ್ಲ ಎಂದರು ಬದರೀನಾಥ. ಊರಿನಲ್ಲೇ ಇರುವವನಿಗೆ ಊರಿನ ಹೆಸರು ಹತ್ತುವುದಿಲ್ಲ, ಹಿತ್ತಲ ಗಿಡ ಮದ್ದಲ್ಲ. ಊರು ಬಿಟ್ಟು ಹೋದಲ್ಲಿ ಮಾತ್ರ ಹತ್ತುತ್ತದೆ. ಟೌನ್‌ಶಿಪ್ ವಕೀಲರಿಗೆ ಇದು ಬಹಳ ಹಿಡಿಸಿತು. ಹಾಗಿದ್ದರೆ ಯಾರಾದರೊಬ್ಬರು ಅರವತ್ತು ದಿನ ಬೇರೆ ಊರಿಗೆ ಹೋಗಿ, ಅಲ್ಲಿನವರ ಬಾಯಲ್ಲಿ ಸಹಜವಾಗಿ ಎಲ್ಡರ್‌ಬಿ ಆಗಿ, ಹೆಸರು ಗಟ್ಟಿಯಾದ ಮೇಲೆ ಹಿಂದಿರುಗಲಿ ಎಂದು ಸೂಚಿಸಿದರು. ಸೂಚನೆಗೆ ಅನುಮೋದನೆ ಸಿಕ್ಕಿತು. ಪದ್ಧತಿ ಗೊತ್ತಿದ್ದವರು ಒಬ್ಬರೇ ಆದ್ದರಿಂದ ಅವರನ್ನೇ ಕಳಿಸುವುದೆಂದಾಯಿತು.

ಮನೆಗೆ ಬರುವಾಗ ಕಾರಿನಲ್ಲಿ ಅವರ ಹೆಂಡತಿ ಅನಸೂಯ ಒಂದು ಪ್ರಶ್ನೆ ಕೇಳಿದರು.

"ಅಲ್ರೀ, ಎಲ್ಲಾ ಖರೇ. ವಾಪಸ್ ಬಂದಮ್ಯಾಲೆ ನೀವು ಏನಾಗ್ತೀರಿ?"

"ಎಲ್ಡರ್‌ಬಿ ಆಗ್ತೇನಿ. ಅದಕ್ಕ ಅಲ್ಲೇನು ಹೊಂಟದ್ದು?"

ಈ ಪ್ರಶ್ನೆಯನ್ನು ಅನಸೂಯ ಸಭೆಯಲ್ಲಿ ಕೇಳಿದ್ದರೆ ನಡಾವಳಿಯಲ್ಲಿ ದಾಖಲಾಗುತ್ತಿತ್ತು. ಆದರೆ ಮಾತನಾಡುವವರ ಪಟ್ಟಿಯಲ್ಲಿ ಅವರು ಹೆಸರು ಬರೆಸಿರಲಿಲ್ಲ.

ಬದರೀನಾಥರು ಕೆಂಡಲ್ ಪಾರ್ಕ್ ಎಂಬ ಹತ್ತಿರದ ಊರಿಗೆ ಹೋದರು. ಅಲ್ಲಿ ಮೈಸೂರಿನ ತಾಜುದ್ದೀನ್ ಎಂಬ ಹಳೆಯ ಸಹೋದ್ಯೋಗಿಯ ಮನೆಯಿತ್ತು. "ಬನ್ನಿ ಸಾರ್, ಬೇಸ್‌ಮೆಂಟ್ ಖಾಲಿ ಇದೆ. ಅರವತ್ತು ದಿನ ತಾನೇ, ಕಣ್ಮುಚ್ಚಿ ಬಿಡೋದ್ರೊಳಗೆ ಆಗೋಗುತ್ತೆ," ಎಂದು ತಾಜುದ್ದೀನ್ ಸೂಟ್‌ಕೇಸ್ ಇಳಿಸಿಕೊಂಡರು. ತಾಜುದ್ದೀನರ ಹೆಂಡತಿ ಸುರಯ್ಯಾ ಹೊಸ ಹಾಸಿಗೆ ಹಾಸಿದರು. ನೆಲಕ್ಕೆ ಹಸಿರು ಕಾರ್ಪೆಟ್ ಇತ್ತು, ಗೋಡೆಯ ಮೇಲೆ ಅಂಗೈಯಗಲದ ಕಿಟಕಿ ಇತ್ತು.

ಟೌನ್‌ಶಿಪ್ಪಿನ ಕ್ಲರ್ಕ್ ಪ್ಯಾಟ್ರೀಶಿಯಾ ಕಳಿಸಿದ್ದ ಇ-7 ನಮೂನೆಯನ್ನು ತುಂಬುವ ಹೊಣೆ ಸುರಯ್ಯಾ ಅವರದಾಯಿತು. ಕರೆದವರ ಹೆಸರು, ಕರೆದ ಹೊತ್ತು, ಕರೆಯಲು ಕಾರಣ, ಕರೆಯುವಾಗ ನಕ್ಕರೇ ಇಲ್ಲವೇ. ನಕ್ಕಿದ್ದರೆ ಲೆಕ್ಕಕ್ಕಿಲ್ಲ. ಶಂಖದಿಂದ ಬಂದರೇ ತೀರ್ಥ ಎಂಬುದು ಅಮೆರಿಕದಲ್ಲೂ ಉಂಟು.

ಮೊದಲ ವಾರ ಏನೂ ಆಗಲಿಲ್ಲ. ಎರಡನೆಯ ಶನಿವಾರದ ಊಟದ ಕೂಟದಲ್ಲಿ ಇನ್ನೊಬ್ಬ ಬದರಿ ಅಂಕಲ್ ಎದುರಾದರು. ಯಾವ ಬದರಿ ಅಂಕಲ್ ಎಂಬ ಗೊಂದಲವೆದ್ದಿತು. ತಾಜುದ್ದೀನರ ಮಗಳು ಯುಸ್ರಾ, ಫೋನಿನಿಂದ ತಲೆಯೆತ್ತದೆ, "ಎಲ್ಡರ್‌ಬಿ ಅಂಕಲ್, ಯುವರ್ ಟೀ ಈಸ್ ಗೆಟಿಂಗ್ ಕೋಲ್ಡ್," ಎಂದಳು. ಸುರಯ್ಯಾ ಓಡಿಹೋಗಿ ನಮೂನೆ ತಂದರು. ಏಳು ಗಂಟೆ ಹನ್ನೆರಡು ನಿಮಿಷ, ಕಾರಣ ಚಹಾ, ನಗು ಇಲ್ಲ. ಆಮೇಲೆ ಹೆಸರು ಹಿಡಿಯಲು ಹೆಚ್ಚು ದಿನ ಬೇಕಾಗಲಿಲ್ಲ. ಜೂನ್ ಮುಗಿಯುವಷ್ಟರಲ್ಲಿ ಕೆಂಡಲ್ ಪಾರ್ಕಿನ ಅರ್ಧ ಜನಕ್ಕೆ ಅವರ ನಿಜವಾದ ಹೆಸರೇ ಗೊತ್ತಿರಲಿಲ್ಲ.

ಈ ನಡುವೆ ಅನಸೂಯ ಸಸಿಗಳನ್ನು ಪಾತಿಯಲ್ಲಿ ನೆಟ್ಟು ದಿನಕ್ಕೊಂದು ಫೋಟೋ ಕಳಿಸುತ್ತಿದ್ದರು. ಮೊದಲ ನೇರಳೆ ಹೂ ಬಿಟ್ಟ ದಿನ ಬದರೀನಾಥರು ಆ ಫೋಟೋ ದೊಡ್ಡದು ಮಾಡಿ, ಚಿಕ್ಕದು ಮಾಡಿ, ಊಟಕ್ಕೆ ಕರೆದರೂ ಏಳಲಿಲ್ಲ. ಕೊನೆಗೆ ಫೋನಿನ ಮೇಲಿನ ಹೂವನ್ನೇ ಬೆರಳಿನಿಂದ ಮುಟ್ಟಿ ನೋಡಿದರು.

ಜುಲೈ ಒಂದರಂದು ಅವರು ಆರು ನೂರ ಹನ್ನೆರಡು ದೃಢೀಕೃತ ಕರೆಗಳೊಂದಿಗೆ ಎಲ್ಡರ್‌ಬಿಗೆ ಹಿಂದಿರುಗಿದರು. ಕಾರಿಳಿದು ಮನೆಗೂ ಹೋಗದೆ ನೇರ ಪಾತಿಗೆ ನಡೆದರು. ಪ್ಯಾಟ್ರೀಶಿಯಾ ನಮೂನೆ ಹಿಡಿದು ಅಲ್ಲೇ ನಿಂತಿದ್ದರು. ಪಕ್ಕದ ಹದಿನಾರನೆಯ ಪಾತಿಯಲ್ಲಿ ಮೆಂತ್ಯ ಕೀಳುತ್ತಿದ್ದ ಬೆಂಗಳೂರಿನ ಕೌಸಲ್ಯಾ ಆಂಟಿ ಸೊಂಟ ನೆಟ್ಟಗೆ ಮಾಡಿಕೊಂಡು ನೋಡಿದರು.

"ಓಹೋ, ಕೆಂಡಲ್ ಪಾರ್ಕ್‌ನವ್ರು ಬಂದ್ರಲ್ಲ."

ಅವರ ಧ್ವನಿಯಲ್ಲಿ ಕುಹಕವಿರಲಿಲ್ಲ. ಕೆಂಡಲ್ ಪಾರ್ಕಿನಿಂದ ಬಂದವರನ್ನು ಮತ್ತೇನೆಂದು ಕರೆಯಬೇಕು? ಪ್ಯಾಟ್ರೀಶಿಯಾ ಹೊತ್ತು ನೋಡಿ ಬರೆದುಕೊಂಡರು. ನಗು ಇಲ್ಲ. ಸಂಜೆಯೊಳಗೆ ಮಕ್ಕಳೂ ಕೆಂಡಲ್ ಪಾರ್ಕ್ ಅಂಕಲ್ ಎನ್ನತೊಡಗಿದವು. ಒಂದು ವಾರದ ಮೊತ್ತ ಹೀಗಿತ್ತು: ಕೆಂಡಲ್ ಪಾರ್ಕ್ ತೊಂಬತ್ತನಾಲ್ಕು, ಎಲ್ಡರ್‌ಬಿ ಸೊನ್ನೆ. ಫ್ಲಾರಿಡಾಕ್ಕೆ ಫೋನ್ ಮಾಡಿ ವಿಚಾರಿಸಲಾಗಿ, ಅಲ್ಲಿ ಮಿಸ್ ಮಾರ್ಗರೆಟ್‌ರನ್ನು ಎಲ್ಲರೂ ಜೆರ್ಸಿ ಎನ್ನುತ್ತಾರೆಂದು ತಿಳಿದುಬಂತು.

ಬದರೀನಾಥರಿಗೆ ಅಂದು ಅಜ್ಜನ ನೆನಪಾಯಿತು. ಅವರು ಒಮ್ಮೆ ಜಮೀನಿನ ಕೆಲಸಕ್ಕೆ ನರಗುಂದಕ್ಕೆ ಮರಳಿದಾಗ ಅಲ್ಲಿನ ಜನ, ಧಾರವಾಡದವರು ಬಂದರು ಎಂದಿದ್ದರಂತೆ. ಈ ಕಥೆಯನ್ನು ಬದರೀನಾಥರೇ ನೂರು ಸಲ ಹೇಳಿ ನಗಿಸಿದ್ದರು. ಸಭೆಯ ಮೂರು ನಿಮಿಷದಲ್ಲಿ ಅದಕ್ಕೆ ಸಮಯ ಸಾಲಲಿಲ್ಲ.

ಅನಸೂಯ ಮಾತ್ರ, "ನಾ ಏನ್ ಕೇಳಿದ್ದೆ?" ಎಂದಷ್ಟೇ ಕೇಳಿದರು.

ಗಡುವಿಗೆ ಒಂದು ದಿನ ಮೊದಲು, ಜುಲೈ ಹನ್ನೊಂದರಂದು, ತುರ್ತು ಸಭೆ ಸೇರಿತು. ವಕೀಲರು ಎದ್ದು, ಸಮಸ್ಯೆ ತಾವು ತಿಳಿದುದಕ್ಕಿಂತ ಸರಳವಾಗಿದೆ ಎಂದರು. ಬದರೀನಾಥರು ಕೆಂಡಲ್ ಪಾರ್ಕಿನಲ್ಲಿ ನಿಸ್ಸಂದೇಹವಾಗಿ ಎಲ್ಡರ್‌ಬಿ. ಅವರು ಎಲ್ಡರ್‌ಬಿಗೆ ಬಂದರೆ ಎಲ್ಡರ್‌ಬಿ ಅಲ್ಲ. ಆದ್ದರಿಂದ ಎಲ್ಡರ್‌ಬಿಯೇ ಅವರಿದ್ದಲ್ಲಿಗೆ ಹೋಗಬೇಕು. ಕೆಳಗಿನ ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು:

'ಕೆಂಡಲ್ ಪಾರ್ಕಿನ ಶ್ರೀ ತಾಜುದ್ದೀನ್ ಅವರ ಮನೆಯ ಬೇಸ್‌ಮೆಂಟಿನಲ್ಲಿ ನೆಲಕ್ಕೂ ಚಾವಣಿಗೂ ನಡುವೆ ಇರುವ ಗಾಳಿಯನ್ನು ಎಲ್ಡರ್‌ಬಿ ಟೌನ್‌ಶಿಪ್ಪಿನ ಅವಿಭಾಜ್ಯ ಅಂಗವೆಂದು ಭಾವಿಸತಕ್ಕದ್ದು. ನೆಲವೂ ಚಾವಣಿಯೂ ಇದ್ದವರಲ್ಲೇ ಇರತಕ್ಕದ್ದು. ಸದರಿ ಎಲ್ಡರ್‌ಬಿಯವರು ಸದರಿ ಗಾಳಿಯಲ್ಲಿ ಖಾಯಂ ವಾಸಿಸತಕ್ಕದ್ದು. ಅವರು ಊರಿನ ಉಳಿದ ಭಾಗದಲ್ಲಿ ಕಾಣಿಸಿಕೊಂಡರೆ ಬೇರೆ ಹೆಸರಿನಿಂದ ಕರೆಯಲ್ಪಡುವ ಅಪಾಯವಿರುವುದರಿಂದ, ಹುಲ್ಲುಗಾವಲಿನ ಹಿತದೃಷ್ಟಿಯಿಂದ ಅವರಿಗೆ ಹುಲ್ಲುಗಾವಲಿಗೆ ಪ್ರವೇಶ ಇರತಕ್ಕದ್ದಲ್ಲ.'

ಹುಲ್ಲುಗಾವಲು ಉಳಿಯಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಗೋದಾಮು ಕಂಪನಿಯವರೂ ಚಪ್ಪಾಳೆ ತಟ್ಟಿ, ಗಾಳಿ ಮಾತ್ರ ಕೊಡುವ ಬೇಸ್‌ಮೆಂಟುಗಳು ಇನ್ನೂ ಎಲ್ಲಾದರೂ ಇವೆಯೇ ಎಂದು ವಕೀಲರನ್ನು ಮೆಲ್ಲಗೆ ವಿಚಾರಿಸಿದರು. ಬದರೀನಾಥರಿಗೆ ಹಾರ ಹಾಕಿದರು. ಹಾರದೊಂದಿಗೇ ಅವರನ್ನು ಕಾರಿನಲ್ಲಿ ಕೂರಿಸಿ ಊರಿಗೆ, ಅಂದರೆ ಬೇಸ್‌ಮೆಂಟಿಗೆ, ಕಳಿಸಿಕೊಟ್ಟರು.

ಮೆಟ್ಟಿಲಿನ ಕೆಳಗೆ 'ಎಲ್ಡರ್‌ಬಿಗೆ ಸ್ವಾಗತ, ಸ್ಥಾಪನೆ 1741' ಎಂಬ ಫಲಕ ಹಾಕಿದರು. ಹುಲ್ಲು ಹತ್ತು ಅಂಗುಲ ಮೀರಬಾರದೆಂಬ ನಿಯಮದನ್ವಯ ಇನ್‌ಸ್ಪೆಕ್ಟರ್ ಬಂದು ಹಸಿರು ಕಾರ್ಪೆಟನ್ನು ಅಳೆದು, ಅರ್ಧ ಅಂಗುಲವಿದೆಯೆಂದು ಪ್ರಶಂಸಾಪತ್ರ ಕೊಟ್ಟರು. ಯಾರಾದರೂ ಫೋನ್ ಮಾಡಿ ಬದರೀನಾಥರನ್ನು ಕೇಳಿದರೆ ಸುರಯ್ಯಾ, "ಎಲ್ಡರ್‌ಬಿಯವ್ರು ಊರಲ್ಲಿಲ್ಲ, ಮೇಲೆ ಚಾ ಕುಡಿಯೋಕೆ ಬಂದಿದಾರೆ," ಎನ್ನುವುದು ರೂಢಿಯಾಯಿತು. ಅನಸೂಯ ಎಲ್ಡರ್‌ಬಿಯ ಮನೆಯಲ್ಲೇ ಇದ್ದುಕೊಂಡು ಶನಿವಾರ ಶನಿವಾರ ಎಲ್ಡರ್‌ಬಿಗೆ ಬಂದು ಹೋಗುತ್ತಿದ್ದರು.

ಆಗಸ್ಟ್ ಹತ್ತರಂದು ಒಂದು ಪತ್ರ ಬಂತು. ತೋಟದ ನಿಯಮ ಒಂಬತ್ತರ ಪ್ರಕಾರ ಪಾತಿಯ ಒಡೆಯರು ಸ್ವತಃ ಬಂದು ಕಳೆ ಕೀಳಬೇಕು. ಮೂವತ್ತು ದಿನ ಬಾರದಿದ್ದರೆ ಪಾತಿ ಮುಂದಿನವರಿಗೆ. ಮೊದಲ ಅರವತ್ತು ದಿನಕ್ಕೆ ರಜೆ ಮಂಜೂರಾಗಿತ್ತು, ಈ ಸಲ ಆಗಿರಲಿಲ್ಲ. ಹೆಂಡತಿ ಕಿತ್ತ ಕಳೆ ಪರಿಗಣನೆಗೆ ಬರುವುದಿಲ್ಲ. ಬದರೀನಾಥರು ಪ್ಯಾಟ್ರೀಶಿಯಾಗೆ ಫೋನ್ ಮಾಡಿ, ಬರಬೇಡಿ ಎಂದವರೂ ನೀವೇ, ಬರಲಿಲ್ಲ ಎಂದು ಕಿತ್ತುಕೊಳ್ಳುವವರೂ ನೀವೇ ಎಂದರು. ಅದು ಬೇರೆ ವಿಭಾಗ ಎಂದು ಪ್ಯಾಟ್ರೀಶಿಯಾ ತುಂಬ ಮರುಕದಿಂದ ಹೇಳಿದರು. ಅವರ ಕಣ್ಣಲ್ಲಿ ನೀರು ಬಂದಿತ್ತೆಂದು ಆಮೇಲೆ ತಿಳಿಯಿತು.

ಆರು ವರ್ಷದ ಪಟ್ಟಿಯಲ್ಲಿ ಕಾದವರಿಗೂ ಪಾತಿ ಸಿಗಲಿಲ್ಲ. ಹೊಸದಾಗಿ ಸೇರ್ಪಡೆಯಾದ ಪ್ರದೇಶದ ಒಡೆಯರಿಗೆ ಮೊದಲ ಆದ್ಯತೆ ಎಂಬ ಹಳೆಯ ನಿಯಮವೊಂದಿತ್ತು. ಹೊಸ ಪ್ರದೇಶ ಒಂದೇ, ಅದಕ್ಕೆ ಒಡೆಯರೂ ಒಬ್ಬರೇ. ಹದಿನೇಳನೆಯ ಪಾತಿ, ಅದರಲ್ಲಿದ್ದ ನಲವತ್ತು ಬದನೆ ಗಿಡ ಮತ್ತು ಅವುಗಳ ಕಾಯಿ ಸಮೇತ, ಶ್ರೀ ತಾಜುದ್ದೀನ್ ಅವರಿಗೆ ಮಂಜೂರಾಯಿತು. ತಾಜುದ್ದೀನ್ ಬೇಡವೆಂದು ಬರೆದರು. ಬೇಡವೆನ್ನುವುದಕ್ಕೆ ನಮೂನೆ ಇರಲಿಲ್ಲ.

ಆ ಶನಿವಾರ ತಾಜುದ್ದೀನ್ ಒಂದು ಬುಟ್ಟಿ ಹಿಡಿದು ಬೇಸ್‌ಮೆಂಟಿನ ಮೆಟ್ಟಿಲಿಳಿದು ಬಂದರು. ಹಿಂದೆಯೇ ಅನಸೂಯ. ಬುಟ್ಟಿಯ ತುಂಬ ಹಸಿರು ಬದನೆಕಾಯಿ, ತೊಟ್ಟಿನಲ್ಲಿ ಮುಳ್ಳು. ಬುಟ್ಟಿಗೆ ತೋಟದ ನಿಯಮದಂತೆ ಚೀಟಿ ಅಂಟಿಸಿತ್ತು: ಬೆಳೆದವರು, ತಾಜುದ್ದೀನ್, ಎಲ್ಡರ್‌ಬಿ. ತಾಜುದ್ದೀನ್ ಬುಟ್ಟಿಯನ್ನು ಬದರೀನಾಥರ ಮುಂದಿಟ್ಟು, ಕ್ಷಮಿಸಿ ಸಾರ್ ಎಂದರು. ತೋಟದಲ್ಲಿ ಕೌಸಲ್ಯಾ ಆಂಟಿ ತಮ್ಮನ್ನು ಕೆಂಡಲ್ ಪಾರ್ಕ್‌ನವರು ಎನ್ನುತ್ತಿದ್ದಾರೆಂದೂ ಹೇಳಿದರು.

ಬದರೀನಾಥರು ಒಂದು ಬದನೆಕಾಯಿ ಕೈಗೆತ್ತಿಕೊಂಡರು. ಮುಳ್ಳು ಚುಚ್ಚಿತು. ಕಿಟಕಿಯ ಬೆಳಕಿಗೆ ಹಿಡಿದು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಚೆನ್ನಾಗಿ ಬಂದಿತ್ತು.

"ನೀರು ಬುಡಕ್ಕ ಹಾಕ್ರಿ, ಎಲಿ ಮ್ಯಾಲೆ ಹಾಕಬ್ಯಾಡ್ರಿ," ಎಂದರು ತಾಜುದ್ದೀನರಿಗೆ. "ಹುಳ ಹತ್ತತಾವ."

ಸುರಯ್ಯಾ ಮತ್ತು ಅನಸೂಯ ಸೇರಿ ಎಣಗಾಯಿ ಮಾಡಿದರು. ಊಟಕ್ಕೆ ಎಲ್ಲರೂ ಮೇಲೆ ಕುಳಿತ ಮೇಲೆ ಯುಸ್ರಾ ಮೆಟ್ಟಿಲ ಬಳಿ ನಿಂತು ಎಲ್ಡರ್‌ಬಿ ಅಂಕಲ್ ಎಂದು ಕೂಗಿದಳು. ಅನಸೂಯ ತಟ್ಟೆಯಿಂದ ತಲೆಯೆತ್ತದೆ, "ಬರ್ತಾರ ತಡಿ, ಅವರದು ದೂರದ ಊರು," ಎಂದರು. ಸುರಯ್ಯಾ ನಮೂನೆಯಲ್ಲಿ ಬರೆದುಕೊಂಡರು. ಒಂದು ಗಂಟೆ ನಾಲ್ಕು ನಿಮಿಷ, ಕಾರಣ ಬದನೆಕಾಯಿ, ನಗು ಇಲ್ಲ.