ಸ್ಮಾರ್ಟ್ ಆಫೀಸಿನ್ಯಾಗ ನಮ್ಮ ಮಾವಶಿ

ನಮ್ಮ ಆಫೀಸಿಗೆ ಹೊಸಾ ಮಷಿನ್ ಬಂದಾಗೊಮ್ಮೆ ಒಂದು ತಮಾಷೆ ಆಗೂದು ಖಾತ್ರಿ. ಮಷಿನ್ ಮಾರಿದವ್ರು ವರ್ಷದ ಗ್ಯಾರಂಟಿ ಕೊಡತಾರ. ತಮಾಷೆಗೆ ಬೇಕಂದ್ರ ನಾನು ಜೀವನಪೂರ್ತಿ ಗ್ಯಾರಂಟಿ ಬರಕೊಡತೀನಿ.

ಆಫೀಸು ಅಂದ್ರ ಅಂಥಾ ದೊಡ್ಡದೇನಲ್ಲ. ಕಾಗವಾಡದಿಂದ ಅಥಣಿಗೆ ಹೋಗೂ ದಾರ್ಯಾಗ ಕಬ್ಬು, ದ್ರಾಕ್ಷಿ ಬೆಳೆಯೂ ರೈತರದೊಂದು ಸಂಘ. ಗೊಬ್ಬರ, ಔಷಧ ಮಾರೂದು, ತ್ವಾಟಕ್ಕ ಹೋಗಿ ಬೆಳಿ ನೋಡಿ ಸಲಹಾ ಕೊಡೂದು ನಮ್ಮ ಕೆಲಸ. ನಾನು ಅಲ್ಲಿ ಹೆಡ್ ಕ್ಲಾರ್ಕ್, ಎಲ್ಲಾರೂ ಬಾಯಾರ ಅಂತ ಕರೀತಾರ. ಈ ಬಾಯಿದು ಬಾಯಿ ಜೋರು ಅಂತ ಹೆಸರೈತಿ, ಅದನ್ನ ನಾನು ಅಲ್ಲ ಅನ್ನೂದಿಲ್ಲ.

ನಮ್ಮ ಅಧ್ಯಕ್ಷರು ಪುಣೆಯೊಳಗ ಬೀಗರ ಆಫೀಸ್ ನೋಡಿ ಬಂದ್ರು. ಬಂದವ್ರು ಖುರ್ಚಿ ಮ್ಯಾಲ ಸುದ್ಧಾ ಕುಂದರಲಿಲ್ಲ. "ನಮ್ಮದೂ ಸ್ಮಾರ್ಟ್ ಆಗಬೇಕು" ಅಂತ ಹಟ ಹಿಡದ್ರು. ನಮಗೆಲ್ಲಾ ಖುಷಿ ಆತು. ಗಾಬರಿ ಆಗಿದ್ದು ಒಬ್ಬಾಕಿಗೆ, ನಮ್ಮ ಮಾವಶಿಗೆ.

ಮಾವಶಿ ಅಂದ್ರ ಚಿಕ್ಕವ್ವ, ಆದ್ರ ಅಕಿ ನನ್ನ ಸಂಬಂಧಿಕಳಲ್ಲ. ನಮ್ಮ ಕಡೆ ಆಫೀಸಿನ್ಯಾಗ ಕಸ ಹೊಡದು, ಚಾ ಮಾಡಿ ಕೊಡೂ ಹೆಣ್ಮಗಳು ಯಾರೇ ಇರಲಿ, ಎಲ್ಲಾರಿಗೂ ಮಾವಶಿ. ಟೆಂಪರರಿ ಅಂತ ಸೇರಿದಾಕಿ, ತಲಿ ಬೆಳ್ಳಗಾದ್ರೂ ಟೆಂಪರರೀನ ಉಳದಿದ್ಲು. ಈ ವರ್ಷ ಕಾಯಂ ಮಾಡತೀವಿ ಅಂತ ಬೋರ್ಡಿನವ್ರು ಮಾತು ಕೊಟ್ಟಿದ್ರು. ಅಷ್ಟ್ರಾಗ ಈ ಸ್ಮಾರ್ಟ್ ಬಂತು.

"ಬಾಯಾರ, ಲೈಟ್ ತಾನ ಹತ್ತತಾವಂತ, ಚಾ ತಾನ ಬರತೈತಂತ. ಮತ್ತ ನನ್ನ ಯಾಕ ಕಾಯಂ ಮಾಡತಾರ್ರಿ?" ಅಂದ್ಲು.

ನನಗೂ ಒಳಗೊಳಗ ಅಳುಕಿತ್ತು. ತೋರಿಸಿಕೊಳ್ಳಲಿಲ್ಲ. "ಸುಮ್ನಿರ ಮಾವಶಿ, ಕಸ ಹೊಡಿಯೂ ಮಷಿನ್ ಇನ್ನೂ ತಂದಿಲ್ಲ" ಅಂದೆ.

"ಇನ್ನೂ ಅಂದ್ರಲ್ರಿ!" ಅಂತ ಅಕಿ ಮತ್ತಷ್ಟು ಗಾಬರಿ ಆದ್ಲು.

೧. ತಾನ ಹತ್ತೂ ಲೈಟು

ಮೊದಲು ಬಂದಿದ್ದು ಲೈಟು. ಮನುಷ್ಯಾರು ಅಳ್ಳಾಡಿದ್ರ ಹತ್ತತೈತಿ, ಸುಮ್ನ ಕುಂತ್ರ ಆರತೈತಿ. ಇದರಿಂದ ಮೊದಲ ಪೆಟ್ಟು ಬಿದ್ದಿದ್ದು ನಮ್ಮ ಅಕೌಂಟೆಂಟ್ ಸಾಹೇಬ್ರಿಗೆ. ಊಟ ಆದ ಮ್ಯಾಲ ಕಂಪ್ಯೂಟರ್ ಮುಂದ ಕಣ್ಣು ಮುಚ್ಚಿ ಭಾಳ ಆಳವಾಗಿ ವಿಚಾರ ಮಾಡೂ ರೂಢಿ ಅವರದು. ಈಗ ವಿಚಾರ ಸುರು ಆದ ಕೂಡ್ಲೆ ಅವರ ಖೋಲಿ ಕತ್ತಲಾಗತಿತ್ತು, ಇಡೀ ಆಫೀಸಿಗೆ ಗೊತ್ತಾಗತಿತ್ತು.

ಅದಿರಲಿ. ಸಂಘದ ಹಿರೇ ಸದಸ್ಯರೊಬ್ರು ತೀರಿಕೊಂಡ್ರು. ಸಭಾದ ಖೋಲಿಗೆ ಕಿಟಕಿ ಇಲ್ಲ. ಎಲ್ಲಾರೂ ತಲಿ ತಗ್ಗಿಸಿ, ಕೈ ಕಟ್ಟಿ ಮೌನ ಆಚರಿಸಾಕ ನಿಂತ್ವಿ. ಅರ್ಧಕ್ಕ ಲೈಟೆಲ್ಲಾ ಫಟ್ ಅಂತ ಆರಿದ್ವು. ಅಳ್ಳಾಡಿದ್ರ ಬೆಳಕು ಬರತೈತಿ ಅಂತ ಎಲ್ಲಾರಿಗೂ ಗೊತ್ತು. ಆದ್ರ ಮೌನದಾಗ ಅಳ್ಳಾಡಿದ್ರ ಸತ್ತವ್ರಿಗೆ ಅವಮಾನ ಅಂತ ಒಬ್ರೂ ಅಳ್ಳಾಡವಲ್ರು. ಕತ್ತಲದಾಗ ನಮ್ಮ ಹಿರೇ ಡೈರೆಕ್ಟರ್ ಅಜ್ಜಾರ ದನಿ ಮಾತ್ರ ಕೇಳಿಸ್ತು.

"ಹ್ವಾದ ನೋಡ್ರಿ. ಈಗ ಬರೋಬರ ಹ್ವಾದ."

ಅಷ್ಟ್ರಾಗ ಮಾವಶಿ ನೀರಿನ ತಾಟು ಹಿಡಕೊಂಡು ಒಳಗ ಬಂದ್ಲು, ಬೆಳಕೂ ಬಂತು. ಅಧ್ಯಕ್ಷರು ಉಸರು ಬಿಟ್ಟು, ಇನ್ನ ಮ್ಯಾಲ ಇಂಥಾ ಹೊತ್ತಿನ್ಯಾಗ ಮಾವಶಿ ಬಾಗಲಾಗ ನಿಂತು ಕೈ ಬೀಸತಿರಬೇಕು ಅಂತ ಹುಕುಂ ಮಾಡಿದ್ರು. ಅಕಿ ಈಗಲೂ ನಿಷ್ಠೆಯಿಂದ ಬೀಸತಾಳ. ಹೊಸಬರು ನೋಡಿದ್ರ, ಸತ್ತವ್ರಿಗೆ ಟಾಟಾ ಮಾಡಾಕತ್ತಾಳ ಅಂತ ತಿಳಕೋತಾರ.

೨. ಕುಂದರಲಾರದ ಮನುಷ್ಯಾ

ಮುಂದ ಮೊಬೈಲಿನ್ಯಾಗ ಆ್ಯಪ್ ಬಂತು. ತ್ವಾಟ ನೋಡಾಕ ಹೋಗೂ ನಮ್ಮ ಫೀಲ್ಡಿನವ ಎಲ್ಲೆಲ್ಲಿ ತಿರಗತಾನ ಅನ್ನೂದು ಅಧ್ಯಕ್ಷರ ಟೀವಿ ಮ್ಯಾಲ ಕೆಂಪು ಗೆರಿಯಾಗಿ ಕಾಣತಿತ್ತು.

ಒಂದಿನ ಅಂವಗ ರಾಯಬಾಗದಾಗ ಹೆಂಡತಿ ತಮ್ಮನ ಮದುವಿ. ರಜಾ ಸಿಗಲಿಲ್ಲ. ಅಂವ ಏನ್ ಮಾಡಿದ, ಹಾಲಿನ ಗಾಡಿ ಡ್ರೈವರ್ ಕೈಯಾಗ ಫೋನ್ ಕೊಟ್ಟ, ತಾನು ಮದುವಿಗೆ ಹ್ವಾದ.

ಇಲ್ಲಿ ಅಧ್ಯಕ್ಷರು ಟೀವಿ ಮುಂದ ಕುಂತು ನಮ್ಮನ್ನೆಲ್ಲಾ ಕರದ್ರು. "ನೋಡ್ರಿ, ದುಡಿಯೂದಂದ್ರ ಇದು! ಬೆಳಕು ಹರಿಯೂದ್ರಾಗ ಶೇಡಬಾಳ ಮುಗಿಸ್ಯಾನ. ಉಗಾರ ಬುದ್ರುಕ ಆತು, ಉಗಾರ ಖುರ್ದ ಆತು. ಒಂದು ಕಡೆನಾದ್ರೂ ಕುಂತಾನೇನು?" ನಾವು ಹೂಂ ಅಂದ್ವಿ. ಅಷ್ಟ್ರಾಗ ಗೆರಿ ಸೀದಾ ಗಡಿ ದಾಟಿ ಮಿರಜಕ್ಕ ಹ್ವಾತು. ಹಾಲು ಇಳಸೂದು ಅಲ್ಲೇ. ಮರುದಿನ ಅಧ್ಯಕ್ಷರು ಕೇಳಿದ್ರು, "ಮಿರಜಕ್ಕ ಯಾಕ ಹೋಗಿದ್ದೆಪಾ?"

ಅಂವಗ ಮದುವಿ ನಿದ್ದಿ ಇನ್ನೂ ಹರದಿರಲಿಲ್ಲ, ಬಾಯಿ ಮಾತ್ರ ಚುರುಕಿತ್ತು. "ಅಲ್ಲಿ ಔಷಧದ ರೇಟ್ ಹೆಂಗೈತಿ ಕೇಳಿ ಬಂದೆ ಸಾಹೇಬ್ರ. ರೈತರ ಸಲುವಾಗಿ."

ಅಧ್ಯಕ್ಷರಿಗೆ ಕಣ್ಣಾಗ ನೀರು ಬರೂದೊಂದು ಬಾಕಿ. ಅಂವಗ ಶಾಲು ಹೊಚ್ಚಿದ್ರು. "ದಿನಾ ಇಷ್ಟು ತಿರಗಿದ್ರ ಸಾಕಪಾ, ಹೆಚ್ಚಿಗಿ ಬ್ಯಾಡ" ಅಂದ್ರು. ಆಮ್ಯಾಲ ನಮ್ಮ ಕಡೆ ತಿರಗಿ ಜೋರಾಗಿ ಹೇಳಿದ್ರು: "ಮನುಷ್ಯಾರು ಸುಳ್ಳ ಹೇಳತಾರ, ಮಷಿನ್ ಹೇಳೂದಿಲ್ಲ. ಇನ್ನ ಮ್ಯಾಲ ಮಷಿನ್ ಹೇಳಿದ್ದ ಖರೇ. ಮುಂದ ಹಾಜರಿ ಮಷಿನ್ ಬರತೈತಿ, ಮಾವಶಿ ಕಾಯಂ ಮಾಡೂದೂ ಅದನ್ನ ನೋಡೇ."

ಮಾವಶಿ ಸೆರಗಿನ್ಯಾಗಿಂದನ ನನ್ನ ಕಡೆ ನೋಡಿದ್ಲು. ಫೀಲ್ಡಿನವನ ಪಾಡೂ ನಮಗಿಂತ ಚಲೋ ಏನಿಲ್ಲ. ಈಗ ಅಂವ ದಿನಾ ಕತ್ತಲಿದ್ದಾಗ ಎದ್ದು ಹಾಲಿನ ಗಾಡಿ ಹಿಂದ ಬೈಕ್ ಓಡಸ್ತಾನ.

೩. ಗುಂಡಿ ಒತ್ತಿದ್ರ ಚಾ

ಚಾ ಮಷಿನ್ ಬಂದ ದಿನ ಮಾವಶಿ ಅಡಗಿ ಖೋಲ್ಯಾಗ ಸುಮ್ನ ಕುಂತುಬಿಟ್ಲು. ನನಗ ಸಿಟ್ಟು ಬಂತು ನೋಡ್ರಿ! ಅಕಿ ಹಸಿ ಶುಂಠಿ ಜಜ್ಜಿ ಹಾಕಿ, ಎಮ್ಮಿ ಹಾಲಿನ್ಯಾಗ ಕುದಿಸಿದ ಚಾಕ್ಕ ಊರ ಮಂದಿ ನೆಪ ಮಾಡಿ ಬರತಿದ್ರು. ಈ ಮಷಿನ್ ಗುಂಡಿ ಒತ್ತಿದ್ರ ಸುರ್ ಅಂತ ಬಿಸಿನೀರು ಬಿಡತೈತಿ, ಅದಕ್ಕ ಚಾ ಅನ್ನಬೇಕಂತ.

ಆ ತಿಂಗಳು ಬೋರ್ಡ್ ಸಭಾ ಕರದ್ರು. ಮಾವಶಿ ವಿಷಯದ ಮೊದಲ ಮಾತು ಅವತ್ತೇ ಬರಬೇಕಿತ್ತು. ಅಧ್ಯಕ್ಷರು, ನಾನು, ಖಾಲಿ ಖುರ್ಚಿ. ಕೋರಂ ಆಗಲಿಲ್ಲ. ಅಧ್ಯಕ್ಷರು ಒಬ್ಬೊಬ್ರಿಗೇ ಫೋನ್ ಹಚ್ಚಿದ್ರು. ಒಬ್ರ ಮನಿಗೆ ಬೀಗರು ಬಂದಿದ್ರು, ಇನ್ನೊಬ್ರು ಕಬ್ಬಿಗೆ ನೀರು ಬಿಟ್ಟಿದ್ರು, ಮತ್ತೊಬ್ರಿಗೆ ಮೊಣಕಾಲು. ಹಿರೇ ಡೈರೆಕ್ಟರ್ ಅಜ್ಜಾರು ಮಾತ್ರ ಮುಚ್ಚುಮರಿ ಮಾಡಲಿಲ್ಲ.

"ಸುರಕೊಂಡು ಕುಡ್ಯಾಕ ಬಶಿ ಇಲ್ಲ, ಶುಂಠಿ ಇಲ್ಲ. ಕಾಗದದ ಕಪ್ಪು ತುಟಿ ಸುಡತೈತಿ. ಅದನ್ನ ಕುಡ್ಯಾಕ ಇಷ್ಟು ದೂರ ಯಾವನ್ ಬರತಾನೋ? ನಿಮ್ಮ ಸಭಾದಾಗ ಮತ್ತೇನಿರತೈತಿ?"

ಅಧ್ಯಕ್ಷರು ಫೋನ್ ಕೆಳಗಿಟ್ರು. ಮರುದಿನ ಚಾ ಮಷಿನ್ ಮ್ಯಾಲ "ರಿಪೇರಿಯಲ್ಲಿದೆ" ಅಂತ ಚೀಟಿ ಬಂತು. ಏನೂ ಕೆಟ್ಟಿರಲಿಲ್ಲ. ಈಗ ಮಾವಶಿ ಅದರ ಬೆನ್ನ ಮ್ಯಾಲ ತೊಳೆದ ಬಶಿ ಒಣಾ ಹಾಕತಾಳ.

೪. ಮುಖಾ ನೋಡೂ ಮಷಿನ್

ಕಡೇಕ ಬಂದಿದ್ದು ಹಾಜರಿ ಮಷಿನ್. ಮುಂಜಾನೆ ಬಂದು ಮುಖಾ ತೋರಿಸಬೇಕು, ಅದು ಗುರ್ತು ಹಿಡದ್ರ ಹಾಜರಿ. ಎಲ್ಲಾರ ಫೋಟೋ ಅದಕ್ಕ ಹಾಕೂ ಕೆಲಸ ನನ್ನದು. ಮಾವಶಿ ಫೋಟೋ ನಾನ ಅಡಗಿ ಖೋಲ್ಯಾಗ ನನ್ನ ಫೋನಿನಿಂದ ತಗದೆ. ಚಂದ ಬಂದಿತ್ತು.

ಮಷಿನ್ ಹಚ್ಚಿದ್ದು ಬಾಗಲ ಹತ್ತಿರ, ಸಂಸ್ಥಾಪಕರ ಫೋಟೋದ ಕೆಳಗ, ಯಾಕಂದ್ರ ಪ್ಲಗ್ ಅಲ್ಲೊಂದ ಇತ್ತು. ಸಂಸ್ಥಾಪಕರು ಅಂದ್ರ ಈಗಿನ ಅಧ್ಯಕ್ಷರ ತಂದಿ. ತೀರಿಕೊಂಡು ಭಾಳ ವರ್ಷ ಆತು, ಆದ್ರ ಆ ರುಮಾಲು, ಆ ಮೀಸಿ, ಆ ಕಣ್ಣು! ತಡಾ ಮಾಡಿ ಬಂದ್ರ ಫೋಟೋದಾಗಿಂದನ ಗದರಿಸಿದಂಗ ಆಗತೈತಿ.

ಒಂದು ತಿಂಗಳು ಆತು. ಮತ್ತ ಬೋರ್ಡ್ ಸಭಾ. ಈ ಸಲ ಡೈರೆಕ್ಟರು ಒಬ್ರೂ ತಪ್ಪಿಸಲಿಲ್ಲ. ಮಾವಶಿ ಯಾವಾಗಿನಂಗ ಸೆರಗು ಮೂಗಿನ ತನಕ ಎಳಕೊಂಡು, ಎಲ್ಲಾರಿಗೂ ಬಶಿ ಸಮೇತ ಚಾ ಕೊಟ್ಟು, ಬಾಗಲ ಹಿಂದ ನಿಂತ್ಲು.

ಅಧ್ಯಕ್ಷರು ಟೀವಿ ಮ್ಯಾಲ ಹಾಜರಿ ತಗದ್ರು. ತಗದವ್ರು ಕನ್ನಡಕ ಒರಸಿಕೊಂಡು ಮತ್ತೊಮ್ಮೆ ನೋಡಿದ್ರು. "ಇದೇನ್ರಿ? ಮಾವಶಿ ತಿಂಗಳಪೂರ್ತಿ ಗೈರುಹಾಜರಿ!"

ಎಲ್ಲಾರಿಗಿಂತ ಮೊದಲು ಬಂದು ಬೀಗ ತಗಿಯಾಕಿ ಅಕಿ. ಅದಕ್ಕ ಅಕಿ ಮಷಿನ್ ಮುಂದ ನಿಂತಿದ್ದು ಯಾರೂ ಕಂಡಿರಲಿಲ್ಲ.

ಹಿರೇ ಡೈರೆಕ್ಟರ್ ಅಜ್ಜಾರು ಬಶಿಗೆ ತುಟಿ ಹಚ್ಚಿದವ್ರು ಅಲ್ಲೇ ನಿಲ್ಲಿಸಿದ್ರು. "ಅಕಿ ಬಂದೇ ಇಲ್ಲಂದ್ರ ನಾವೀಗ ಕುಡಿಯಾಕತ್ತಿದ್ದು ಏನು?"

ಎಲ್ಲಾರೂ ತಮ್ಮ ತಮ್ಮ ಬಶಿಯೊಳಗ ಇಣಕಿ ನೋಡಿದ್ರು.

"ಕಾಕಾ, ನಿಯಮ ಅಂದ್ರ ನಿಯಮ" ಅಂದ್ರು ಅಧ್ಯಕ್ಷರು. ಅವರಿಗೂ ಬ್ಯಾಸರಾಗಿತ್ತು, ಆದ್ರ ತಾವ ಆಡಿದ ಮಾತಿನ್ಯಾಗ ತಾವ ಸಿಕ್ಕಿದ್ರು. ನನಗ ತಡೀಲಿಲ್ಲ. "ಸಾಹೇಬ್ರ, ಗುರ್ತು ಸಿಗಲಾರದವ್ರ ಫೋಟೋನೂ ಅದರಾಗ ಇರತಾವಂತ. ಅವನ್ನರ ತಗದ ನೋಡ್ರಿ. ಆಮ್ಯಾಲ ನಿಯಮ ಹೇಳೀರಂತ!" ಅಂದೆ. ನನ್ನ ಬಾಯಿ ಜೋರು ಅಂತ ಮೊದಲ ಹೇಳೇನಲ್ಲ.

ತಗದ್ರು. ಮೊದಲನೇ ಫೋಟೋದಾಗ ಹಸರು ಸೆರಗು, ಗದ್ದದ ತನಕ ಎಳದಿದ್ದು. ಎರಡನೇದ್ರಾಗ ನೀಲಿ ಸೆರಗು. ಆಮ್ಯಾಲ ಕೆಂಪು. ಮತ್ತ ಹಸರು. ಮುಖಾ ಒಂದ್ರಾಗೂ ಇಲ್ಲ.

ಡೈರೆಕ್ಟರು ಎಲ್ಲಾರೂ ಒಮ್ಮೆಲೆ ಒದರಿದ್ರು, "ಅಯ್, ಇಕಿ ನಮ್ಮ ಮಾವಶಿ ಅಲ್ಲೇನು!"

ಅಜ್ಜಾರು ನಕ್ಕು ನಕ್ಕು ಕೆಮ್ಮಿದ್ರು. "ಅಕಿ ಮುಖಾ ನಾವು ಒಬ್ರೂ ನೋಡಿಲ್ಲ, ಸೆರಗಿನ ಮ್ಯಾಲ ಗುರ್ತು ಹಿಡದ್ವಿ. ನಿನ್ನ ಮಷಿನ್ನಿಗೆ ಮುಖಾ ಗೊತ್ತಿದ್ದೂ ಗುರ್ತು ಸಿಗಲಿಲ್ಲ. ಯಾವದಪಾ ಸ್ಮಾರ್ಟು?"

ಅಧ್ಯಕ್ಷರು ಬಾಗಲ ಕಡೆ ತಿರಗಿ ಕೇಳಿದ್ರು, "ಅಲ್ಲವಾ, ಮಷಿನ್ ಮುಂದ ಮುಖಾ ಯಾಕ ಮುಚ್ಚಿಕೊಂಡಿ?"

ಬಾಗಲ ಹಿಂದಿಂದ ಸಣ್ಣ ದನಿ ಬಂತು. "ಮ್ಯಾಲ ಮಾವಾರು ಅದಾರಲ್ರಿ."

ನಮ್ಮ ಕಡೆ ಊರ ಸಂಬಂಧ ಹಿಡದ್ರ ಎಲ್ಲಾರೂ ಎಲ್ಲಾರಿಗೂ ಏನರ ಆಗತಾರ. ಸಂಸ್ಥಾಪಕರು ಗಂಡನ ಕಡಿಂದ ಮಾವಶಿಗೆ ಮಾವ ಆಗಬೇಕು. ಇದ್ದಾಗ ಅವರ ಮುಂದ ಮುಖಾ ತೋರಿಸಿದಾಕಿ ಅಲ್ಲ, ಈಗ ಫೋಟೋದ ಮುಂದ ತೋರಿಸತಾಳೇನು?

"ಮತ್ತ ಮಷಿನ್ ಏನೂ ಅನ್ನಲಿಲ್ಲೇನು?"

"ದಿನಾ ಇಂಗ್ಲಿಷಿನ್ಯಾಗ ಏನೋ ಅಂತಿತ್ರಿ. ನಾನೂ ಹೂಂನ್ರಿ ಅಂದು ಒಳಗ ಬರತಿದ್ದೆ."

ತೀರಿಹ್ವಾದ ತಂದಿಗೆ ಇಷ್ಟು ಮರ್ಯಾದಿ ಕೊಡೂ ಹೆಣ್ಮಗಳಿಗೆ ಗೈರುಹಾಜರಿ ಹಾಕೂ ಧೈರ್ಯ ಅಧ್ಯಕ್ಷರಿಗೆ ಬರಲಿಲ್ಲ. ಡೈರೆಕ್ಟರು ಎಲ್ಲಾರೂ ಕೈ ಎತ್ತಿದ್ರು. ಮಾವಶಿ ಕಾಯಂ! ನನಗ ಹ್ವಾದ ಜೀವ ಬಂದಂಗಾತು. ಅಡಗಿ ಖೋಲಿಗೆ ಹೋಗಿ ನೋಡಿದ್ರ ಅಕಿ ಕಣ್ಣು ಒರಸಿಕೊಂತ ಮತ್ತೊಂದು ಸುತ್ತಿಗೆ ಚಾ ಇಟ್ಟಿದ್ಲು. ನಾನೂ ಅಲ್ಲೇ ಕುಂತು ಒಂದೀಟು ಅತ್ತೆ. ಮನಸ್ಸು ಎಷ್ಟು ಹಗರಾತಂದ್ರ, ಅವತ್ತು ಅಕೌಂಟೆಂಟ್ ಸಾಹೇಬ್ರ ಖೋಲಿ ಕತ್ತಲಾದ್ರೂ ನಾನು ಏನೂ ಅನ್ನಲಿಲ್ಲ.

ಸಂಸ್ಥಾಪಕರ ಫೋಟೋ ಅಳ್ಳಾಡಸೂದು ಬ್ಯಾಡ, ಉದ್ದನ ವಯರ್ ಎಳದು ಮಷಿನ್ ಎದುರಿನ ಗ್ವಾಡಿಗೆ ಹಚ್ಚರಿ ಅಂತ ಠರಾವಾತು. ಇನ್ನ ಮಾವಶಿ ಮಷಿನ್ ಮುಂದ ನಿಂತ್ರ ಮಾವಾರು ಬೆನ್ನ ಹಿಂದ. ಮುಖಾ ತೋರಸಾಕ ಅಡ್ಡಿ ಇಲ್ಲ.

ಮರುದಿನ ಮುಂಜಾನೆ ಅಧ್ಯಕ್ಷರು ತಮ್ಮ ಕಣ್ಣಿಲೆ ನೋಡಬೇಕಂತ ಲಗೂನ ಬಂದು ಮಷಿನ್ ಪಕ್ಕ ನಿಂತ್ರು. ನಾನೂ ನಿಂತೆ. ಮಾವಶಿ ಬಂದ್ಲು, ನಿಂತ್ಲು, ಗದ್ದದ ತನಕ ಸೆರಗು ಎಳಕೊಂಡ್ಲು. ಮಷಿನ್ ಇಂಗ್ಲಿಷಿನ್ಯಾಗ ಗೊಣಗಿತು.

"ಈಗ್ಯಾಕವಾ? ಅಪ್ಪಾಜಿ ಹಿಂದ ಅದಾರಲ್ಲ!" ಅಂದ್ರು ಅಧ್ಯಕ್ಷರು.

ಮಾವಶಿ ನನ್ನ ಕಿವ್ಯಾಗ ಏನೋ ಅಂದ್ಲು. ನಾನು ನಗಿ ತಡಕೊಂಡು ಹೇಳಿದೆ. "ಮಾವಾರು ಹಿಂದ ಅದಾರ ಖರೇ, ಮುಂದ ಭಾವಾರು ನಿಂತಾರಲ್ಲ ಅಂತಾಳ್ರಿ."

ಸಂಸ್ಥಾಪಕರು ಮಾವ ಅಂದ್ರ ಅವರ ಮಗ ಭಾವ ಆಗೂದ ಅಲ್ಲೇನು. ಅಧ್ಯಕ್ಷರು ಸಾವಕಾಶ ತಿರಗಿ, ಅಪ್ಪಾಜಿ ಫೋಟೋದ ಕೆಳಗ ಹೋಗಿ, ಗ್ವಾಡಿಗೆ ಮುಖಾ ಮಾಡಿ, ಕೈ ಕಟ್ಟಿ ನಿಂತ್ರು. ಮಾವಶಿ ಸೆರಗು ಸರಸಿದ್ಲು. ಮಷಿನ್ ಠಣ್ ಅಂತು. ಹಾಜರಿ ಆತು! ಅಕಿ ಸರಸರ ಒಳಗ ಹ್ವಾದ್ಲು.

ಅಧ್ಯಕ್ಷರು ಇನ್ನೂ ಗ್ವಾಡಿನ ನೋಡಿಕೊಂತ ಕೇಳಿದ್ರು, "ಆತೇನವಾ?"

ಅಡಗಿ ಖೋಲ್ಯಾಗಿಂದ ದನಿ ಬಂತು. "ಆತ್ರಿ, ಇನ್ನ ತಿರಗ್ರಿ. ಚಾ ಇಟ್ಟೇನಿ. ನಾಳೆನೂ ಹಿಂಗ ಲಗೂನ ಬರ್ರಿ."