ಭಾವನ ಇಂಜಿನ್ನಿಲ್ಲದ ವಿಮಾನಗಳು

ನಮ್ಮ ಭಾವ ತಲೆ ಎತ್ತಿಕೊಂಡೇ ನಡೆಯುವ ಮನುಷ್ಯ. ಹೊಗಳುತ್ತಿದ್ದೇನೆ ಎಂದುಕೊಳ್ಳಬೇಡಿ, ಇದು ನನ್ನ ಅಕ್ಕ ಮದುವೆಯಾದಂದಿನಿಂದ ಹೇಳಿಕೊಂಡು ಬಂದ ದೂರು! ಮುಂಬಯಿ ಪಕ್ಕದ ಈ ಡೊಂಬಿವಲಿಯಲ್ಲಿ ಆಕಾಶ ನೋಡುತ್ತ ನಡೆಯುವವನ ಗತಿ ಏನಾದೀತು, ನೀವೇ ಹೇಳಿ. ಇಲ್ಲಿಯ ರಸ್ತೆಯನ್ನು ಇವತ್ತು ನೀರಿನ ಪೈಪಿನವರು ಅಗೆದರೆ ನಾಳೆ ಕೇಬಲ್‌ನವರು ಅಗೆಯುತ್ತಾರೆ. ಸ್ಟೇಷನ್ನಿನಿಂದ ಅವರ ಬಿಲ್ಡಿಂಗ್‌ವರೆಗಿನ ಗಟಾರಗಳನ್ನು ನಾವೆಲ್ಲ ಹೊರಗಿನಿಂದ ಬಲ್ಲೆವು. ಭಾವ ಒಳಗಿನಿಂದಲೂ ಬಲ್ಲರು. ಬಿಳಿ ಶರ್ಟು ಹಾಕಿಕೊಂಡು ತಮ್ಮ ಹೋಟೆಲಿಗೆ ಹೊರಟವರು ಬೂದು ಶರ್ಟಿನಲ್ಲಿ ಮನೆಗೆ ವಾಪಸಾದದ್ದುಂಟು.

"ಕೆಳಗೆ ನೋಡಿ ನಡೀರಿ ಮಾರಾಯ್ರೆ, ಕೆಳಗೆ ನೋಡಿ!" ಎಂದು ಅಕ್ಕ ಬಾಲ್ಕನಿಯಿಂದ ಕೂಗುತ್ತಿದ್ದಳು. ಭಾವ ಕೂಗು ಕೇಳಿದ ದಿಕ್ಕಿಗೆ, ಅಂದರೆ ಮತ್ತೆ ಮೇಲಕ್ಕೇ ನೋಡುತ್ತಿದ್ದರು.

ಅವರು ಮೇಲೆ ಹುಡುಕುತ್ತಿದ್ದದ್ದು ಹದ್ದುಗಳನ್ನು. ಹದ್ದು ರೆಕ್ಕೆ ಬಡಿಯದೆ ಒಂದೇ ಕಡೆ ಸುತ್ತು ಹಾಕುತ್ತಿದ್ದರೆ ಅಲ್ಲಿ ಬಿಸಿಗಾಳಿ ಮೇಲೇಳುತ್ತಿದೆ ಎಂದರ್ಥವಂತೆ. ಆ ಗಾಳಿಯಲ್ಲಿ ಗ್ಲೈಡರ್ ಬಿಟ್ಟರೆ ಅದೂ ಮೇಲೇಳುತ್ತದಂತೆ. ಗ್ಲೈಡರ್ ಎಂದರೆ ಇಂಜಿನ್ನಿಲ್ಲದ ಆಟದ ವಿಮಾನ. ಹಗುರ ಮರದ ಕಡ್ಡಿ, ಥರ್ಮಾಕೋಲು, ಅಂಟು ಸೇರಿಸಿ ಅವರೇ ಮನೆಯಲ್ಲಿ ಕಟ್ಟುತ್ತಿದ್ದರು. ರೆಕ್ಕೆ ಒಬ್ಬ ಆಳಿಗಿಂತ ಉದ್ದ. ಕೈಯಲ್ಲೊಂದು ರಿಮೋಟು, ಅದರ ಮೇಲೆ ಬೆರಳಿನಷ್ಟು ಉದ್ದದ ಕೋಲು. ಕೋಲು ಆಡಿಸಿದ ಹಾಗೆ ವಿಮಾನ ಆಕಾಶದಲ್ಲಿ ವಾಲುತ್ತದೆ. ಉಡುಪಿ ಕಡೆಯಿಂದ ಬಂದು, ಸ್ಟೇಷನ್ ಪಕ್ಕದಲ್ಲಿ ವೆಜಿಟೇರಿಯನ್ ಹೋಟೆಲು ನಡೆಸುವ, ಸಕ್ಕರೆ ಕಾಯಿಲೆಯ, ಹೊಟ್ಟೆ ಬಂದ ಗೃಹಸ್ಥರಿಗೆ ಇದು ಹೇಳಿ ಮಾಡಿಸಿದ ಹವ್ಯಾಸವೇ?

"ಕುಡಿತ, ಇಸ್ಪೀಟು ಅಂತಾದ್ರೆ ನಾಲ್ಕು ಜನರ ಎದುರು ಹೇಳಿ ಅಳಬಹುದಿತ್ತು. ಇದನ್ನು ಹೇಳಿದ್ರೆ ಜನ ನೆಗಾಡ್ತಾರೆ," ಎಂದು ಅಕ್ಕ ಹಲುಬುತ್ತಿದ್ದಳು.

ಅವಳ ಸಂಕಟ ಸುಳ್ಳಲ್ಲ. ರೆಕ್ಕೆಯ ಮೇಲೆ ಬಣ್ಣದ ತೆಳು ಹಾಳೆ ಹೊದಿಸಿ ಇಸ್ತ್ರಿ ಪೆಟ್ಟಿಗೆ ಆಡಿಸಬೇಕು. ಬಿಸಿ ತಾಗಿದ ಹಾಳೆ ಬಿಗಿದುಕೊಂಡು ಸುಕ್ಕೆಲ್ಲ ಮಾಯವಾಗುತ್ತದೆ. ಯಾರ ಇಸ್ತ್ರಿ ಪೆಟ್ಟಿಗೆ? ಅಕ್ಕನದು! ಒಂದು ಮದುವೆಯ ಬೆಳಿಗ್ಗೆ ಅವಳು ತನ್ನ ಕೆನೆಬಣ್ಣದ ರೇಷ್ಮೆ ಸೀರೆಗೆ ಇಸ್ತ್ರಿ ಒತ್ತಿದರೆ ಸೆರಗಿನ ಮೇಲೆ ಕೆಂಪು ಬಳಿದುಕೊಂಡಿತು. ಭಾವ ಓಡಿ ಬಂದು ಸೀರೆ ನೋಡಲಿಲ್ಲ, ಪೆಟ್ಟಿಗೆಯ ತಳ ನೋಡಿ, "ಅಯ್ಯೋ, ಹಾಳೆ ಕರಗಿತ್ತಾ? ಬಿಸಿ ಜಾಸ್ತಿ ಆಗಿತ್ತು ಹಾಗಾದ್ರೆ," ಎಂದರು. ಅಕ್ಕ ಆ ಮದುವೆಗೆ ಹತ್ತಿಯ ಸೀರೆಯಲ್ಲಿ ಹೋದಳು. "ಇಷ್ಟು ವರ್ಷದಲ್ಲಿ ನನ್ನ ಒಂದು ಕರ್ಚೀಫಿಗೆ ಇಸ್ತ್ರಿ ಹಾಕಿದವರಲ್ಲ. ಆ ರೆಕ್ಕೆಗೆ ನೋಡು, ಮಗುವಿಗೆ ಎಣ್ಣೆ ಹಚ್ಚಿದ ಹಾಗೆ!" ಎಂದು ಊಟದ ಪಂಕ್ತಿಯಲ್ಲಿ ಎಲ್ಲರಿಗೂ ಹೇಳಿಕೊಂಡಳು.

ನಾನು ಅಲ್ಲಿಂದ ದೂರದ ಮಾಜಿವಾಡಾದಲ್ಲಿ ಇರುವವನು. ಭಾನುವಾರ ಒಂದು ದಿನ ಮಲಗೋಣ ಎಂದರೆ ಬೆಳಿಗ್ಗೆಯೇ ಭಾವನ ಫೋನು. "ಗಾಳಿ ಉಂಟು ಮಾರಾಯ, ಬೇಗ ಬಾ!" ಡೊಂಬಿವಲಿಯಲ್ಲಿ ಗಾಳಿ ಇದೆ ಎಂದು ಸಂಭ್ರಮಪಡುವ ಮನುಷ್ಯ ಇವರೊಬ್ಬರೇ. ಉಳಿದವರೆಲ್ಲ ಗಾಳಿ ಬಂದರೆ ಕೆಮಿಕಲ್ ಕಾರ್ಖಾನೆಗಳ ನಾತಕ್ಕೆ ಕಿಟಕಿ ಹಾಕಿ ಮೂಗು ಮುಚ್ಚಿಕೊಳ್ಳುತ್ತಾರೆ.

ಉದ್ದನೆಯ ರೆಕ್ಕೆಯನ್ನು ಅಕ್ಕನ ಹಳೇ ಸೀರೆಯಲ್ಲಿ ಸುತ್ತಿ ಲೋಕಲ್ ಟ್ರೇನಿನ ಸಾಮಾನಿನ ಡಬ್ಬಿಗೆ ಏರಿಸಬೇಕು. ಅಲ್ಲಿ ಮೀನಿನ ಬುಟ್ಟಿ, ಸೊಪ್ಪಿನ ಮೂಟೆ, ಹಾಲಿನ ಕ್ಯಾನು, ಅವುಗಳ ನಡುವೆ ನಾವಿಬ್ಬರು ಹೆಣ ಹೊತ್ತವರಂತೆ. ಒಮ್ಮೆ ಮೀನು ಮಾರುವ ಹೆಂಗಸೊಬ್ಬಳು, ಸೀರೆಯೊಳಗೆ ಏನಿದೆ ಎಂದು ಮರಾಠಿಯಲ್ಲಿ ಕೇಳಿದಳು. "ವಿಮಾನ್," ಎಂದರು ಭಾವ, ಬಹಳ ಗಂಭೀರವಾಗಿ. ಅವಳು ಮೀನಿನ ಬುಟ್ಟಿ ಸರಿಸಿಕೊಳ್ಳುತ್ತ, "ಮಗ್ ವಿಮಾನಾತ್ ಬಸೂನ್ ಜಾ ನಾ, ಟ್ರೇನ್ ಕಶಾಲಾ?" ಎಂದಳು. ವಿಮಾನ ಇದ್ದರೆ ಅದರಲ್ಲೇ ಕುಳಿತು ಹೋಗಬಾರದೇ, ಟ್ರೇನು ಯಾಕೆ! ಇಡೀ ಡಬ್ಬಿ ನಕ್ಕಿತು. ಭಾವನಿಗೆ ಅದು ಕೇಳಿಸಲಿಲ್ಲ, ಅವರು ಬಾಗಿಲಿನಿಂದ ಹೊರಗೆ ತಲೆ ಹಾಕಿ ಮೋಡ ನೋಡುತ್ತಿದ್ದರು.

ಠಾಕುರ್ಲಿಯ ಮೈದಾನದಲ್ಲಿ ನನ್ನ ಕೆಲಸ ಎತ್ತಿನದು. ವಿಮಾನಕ್ಕೆ ಉದ್ದದ ದಾರ ಕಟ್ಟಿ, ಗಾಳಿಗೆ ಎದುರಾಗಿ ನಾನು ಓಡಬೇಕು. ಅದು ಗಾಳಿಪಟದಂತೆ ಮೇಲೆ ಹೋಗಿ ದಾರ ಕಳಚಿಕೊಳ್ಳುತ್ತದೆ. ಈ ಮಂಡಿ ಇಟ್ಟುಕೊಂಡು ಓಡುವುದೇ ಕಷ್ಟ, ಅದರ ಮೇಲೆ ಮೈದಾನದ ತುಂಬ ಕ್ರಿಕೆಟ್. ನಾನು ಒಂದು ಪಿಚ್ಚಿನ ಈ ತುದಿಯಿಂದ ಆ ತುದಿಗೆ ಏದುಸಿರು ಬಿಡುತ್ತ ಓಡಿದಾಗ ಬ್ಯಾಟ್ಸ್‌ಮನ್ ಕೂಗಿದ, "ಅಂಕಲ್, ರನ್ ಕಾಢಾಯ್ಚಾ ಅಸೇಲ್ ತರ್ ಬ್ಯಾಟ್ ಘ್ಯಾ!" ರನ್ನು ಬೇಕಾದರೆ ಮೊದಲು ಬ್ಯಾಟು ಹಿಡಿಯಿರಿ ಎಂದು! ಹಿಂದಿರುಗಿ ನೋಡಿದರೆ ವಿಮಾನ ಮೇಲೆ ಹೋಗಿತ್ತು. ಭಾವ ಬಾಯಿ ತೆರೆದುಕೊಂಡು ನಿಂತಿದ್ದರು. ಅವರ ಮುಖದಲ್ಲಿ ಅಂಥ ಬೆಳಕನ್ನು ನಾನು ಹೋಟೆಲಿನಲ್ಲಿ ಯಾವತ್ತೂ ಕಂಡಿಲ್ಲ.

"ಇದು ಹಾರುವುದಲ್ಲ, ಗೊತ್ತುಂಟಾ?" ಎಂದು ಅವರೇ ಒಮ್ಮೆ ಹೇಳಿದ್ದರು. "ಕೈ ಬಿಟ್ಟ ಗಳಿಗೆಯಿಂದ ಅದು ಬೀಳ್ತಾನೇ ಇರ್ತದೆ. ಅದು ಬೀಳುವುದಕ್ಕಿಂತ ಗಾಳಿ ಏಳುವುದು ಜೋರಿದ್ರೆ ನಮಗೆ ಮೇಲೆ ಹೋದ ಹಾಗೆ ಕಾಣ್ತದೆ. ಅಷ್ಟೇ ಮಾರಾಯ."

ನನಗೂ ಕಲಿಸಲು ನೋಡಿದರು. ವಿಮಾನ ನಮ್ಮಿಂದ ದೂರ ಹೋಗುವಾಗ ಎಲ್ಲ ಸರಿ ಇರುತ್ತದೆ. ತಿರುಗಿ ನಮ್ಮ ಕಡೆಗೆ ಬರುವಾಗ ಅದರ ಎಡ ನಮ್ಮ ಬಲ, ಅದರ ಬಲ ನಮ್ಮ ಎಡ! ನಾನು ಪ್ರತಿ ಸಲವೂ ತಪ್ಪು ಕಡೆಗೆ ಕೋಲು ತಳ್ಳಿ ವಿಮಾನದ ಮೂಗನ್ನು ನೆಲಕ್ಕೆ ಊರಿಸುತ್ತಿದ್ದೆ. "ಎಡ ಬಲ ಎಲ್ಲ ಬಿಡು! ತಗ್ಗಿದ ರೆಕ್ಕೆ ಯಾವ ಕಡೆ ಉಂಟು ನೋಡು, ಕೋಲು ಅದೇ ಕಡೆಗೆ ತಳ್ಳು. ಬೀಳುವವನಿಗೆ ಊರುಗೋಲು ಕೊಟ್ಟ ಹಾಗೆ!" ಎಂದು ಮೈದಾನದಲ್ಲಿ ಬೈದದ್ದು ಸಾಲದೆ, ಮನೆಗೆ ಬಂದು ಊಟಕ್ಕೆ ಕುಳಿತಾಗಲೂ ಬೈಯುತ್ತಿದ್ದರು. "ತಗ್ಗಿದ ರೆಕ್ಕೆಗೆ ಕೋಲು ಕೊಡು ಅಂತ ಎಷ್ಟು ಸಲ ಹೇಳುವುದು?" ಅಕ್ಕ ಸಾರಿನ ಸೌಟನ್ನು ಪಾತ್ರೆಗೆ ಕುಕ್ಕಿ, "ಉಣ್ಣುವಾಗಲಾದ್ರೂ ಕೆಳಗೆ ಇಳೀರಿ," ಎನ್ನುತ್ತಿದ್ದಳು.

ಕೆಳಗೆ ಇಳಿಯುವ ಕಾಲ ತಾನಾಗಿಯೇ ಬಂತು. ಮೊದಲು ಮೈದಾನಗಳು ಹೋದವು. ನಾವು ಹಾರಿಸುತ್ತಿದ್ದ ಜಾಗಕ್ಕೆ ತಗಡಿನ ಬೇಲಿ ಬಂತು, ಬೇಲಿಯ ಮೇಲೆ ಈಜುಕೊಳದ ಚಿತ್ರ ಬಂತು, ಆಮೇಲೆ ಟವರೇ ಬಂತು. ಕಲ್ಯಾಣದ ಕಡೆಗೆ ಸರಿದೆವು, ಅಲ್ಲಿಗೂ ಬೇಲಿ ಬಂತು. ನವಿ ಮುಂಬಯಿಯ ಬಯಲು ಚೆನ್ನಾಗಿತ್ತು. ಅಲ್ಲಿ ನಿಜವಾದ ಏರ್‌ಪೋರ್ಟ್ ಬಂದು ನಮ್ಮ ಭಾವನ ಏರ್‌ಪೋರ್ಟ್ ಬಂದ್ ಆಯಿತು. ಎತ್ತ ನೋಡಿದರೂ ಕಟ್ಟಡ. ತಲೆ ಎತ್ತಿದರೆ ಆಕಾಶ ಪಟ್ಟಿ ಪಟ್ಟಿಯಾಗಿ ಕಾಣುತ್ತಿತ್ತು.

ಆಮೇಲೆ ಭಾವನೇ ಬಿದ್ದರು. ಬೆಳಗಿನ ಇಡ್ಲಿ ವಡೆಯ ಗದ್ದಲದಲ್ಲಿ ಗಲ್ಲಾದಲ್ಲಿ ಕುಳಿತಿದ್ದವರು ನಿಧಾನವಾಗಿ ಎಡಕ್ಕೆ ವಾಲಿದರು. ಕೆಳಗೆ ಬಿದ್ದ ಏನನ್ನೋ ಹುಡುಕುತ್ತಿದ್ದಾರೆ ಎಂದು ಗಿರಾಕಿಗಳು ಕಾದು ನಿಂತಿದ್ದರಂತೆ! ಲಕ್ವ ಹೊಡೆದಿತ್ತು. ಆಸ್ಪತ್ರೆಯಲ್ಲಿ ಪ್ರಾಣ ಉಳಿಯಿತು. ಎಡಗೈ ಉಳಿಯಲಿಲ್ಲ, ಎಡಗಾಲು ಅರ್ಧ ಉಳಿಯಿತು. ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿ, "ಅಂಕಲ್, ನೀಚೇ ದೇಖ್ ಕೇ ಚಲೋ," ಎಂದು ಹೆಜ್ಜೆ ಹೆಜ್ಜೆಗೂ ಹೇಳುತ್ತಿದ್ದಳು. ಕೆಳಗೆ ನೋಡಿ ನಡೆಯಿರಿ ಎಂದು! ಸಂಸಾರದುದ್ದಕ್ಕೂ ಅಕ್ಕ ಹೇಳಿ ಹೇಳಿ ಸೋತಿದ್ದ ಮಾತು ಅದು. ಭಾವ ಈಗ ಕೇಳಿದರು. ಗದ್ದ ಎದೆಗೆ ತಾಗುವಷ್ಟು ತಲೆ ತಗ್ಗಿಸಿ, ತಮ್ಮ ಪಾದವನ್ನೇ ನೋಡುತ್ತ ಮನೆಯ ಹಾಲ್‌ನಲ್ಲಿ ಗೋಡೆ ಹಿಡಿದು ನಡೆದರು. ಕುಳಿತಾಗಲೂ ಆ ತಲೆ ಮೇಲಕ್ಕೆ ಬರಲಿಲ್ಲ.

ನಾನು ಹೋದಾಗ ಬೆಡ್‌ರೂಮಿನ ಅಟ್ಟದ ಕಡೆ ಬಲಗೈ ತೋರಿಸಿ, "ಅವನ್ನೆಲ್ಲ ಯಾರಿಗಾದ್ರೂ ಕೊಟ್ಟುಬಿಡು ಮಾರಾಯ," ಎಂದರು. ಆ ವಿಮಾನಗಳನ್ನು ಖಾಡಿಯ ನೀರಿಗೆ ಎಸೆಯುತ್ತೇನೆ ಎಂದು ಸಾವಿರ ಸಲ ಹೆದರಿಸಿದ್ದ ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ಇದನ್ನು ಕೇಳಿಸಿಕೊಂಡಳು. ನನ್ನನ್ನು ಲಿಫ್ಟಿನವರೆಗೆ ಬಿಡುವ ನೆಪದಲ್ಲಿ ಹೊರಗೆ ಬಂದಳು.

"ಒಂದನ್ನೂ ಕೊಡಬೇಡ," ಎಂದಳು.

"ನಿನಗೇ ಬೇಡವಾಗಿತ್ತಲ್ಲ ಅಕ್ಕ?"

"ನಿನ್ನೆ ಬಾಲ್ಕನಿಯಲ್ಲಿ ಕೂರಿಸಿದ್ದೆ. ಎದುರಿಗೇ ಹದ್ದು ಸುತ್ತುತ್ತಾ ಇತ್ತು. ನಾನೇ ತೋರಿಸಿದೆ, ನೋಡಿ ಅಂತ. ತಲೆ ಎತ್ತಲಿಲ್ಲ ಮಾರಾಯ. ನಂಗೆ ಹೆದರಿಕೆ ಆಗ್ತದೆ. ಇನ್ನು ಇವರು ಮೇಲೆ ನೋಡುವುದೇ ಇಲ್ಲವಾ?" ಅವಳಿಗೆ ಅಳು ಬಂತು. ಲಿಫ್ಟ್ ಬಂದು ಬಾಗಿಲು ತೆರೆದು ಮುಚ್ಚಿ ಹೋಯಿತು.

ಮುಂದಿನ ಭಾನುವಾರ ಅಟ್ಟದಿಂದ ಒಂದು ವಿಮಾನ ಇಳಿಸಿಕೊಂಡು ಮೂವರೂ ರಿಕ್ಷಾದಲ್ಲಿ ಹೊರಟೆವು. ಶಹಾಡ್ ದಾಟಿ ಇನ್ನೂ ಬಹಳ ಒಳಗೆ ಹೋದರೆ ಒಂದು ಬೋಳು ಗುಡ್ಡ ಉಳಿದಿತ್ತು. ಅದರ ಒಂದು ಪಕ್ಕವನ್ನು ಆಗಲೇ ಜೆಸಿಬಿ ತಿಂದಿತ್ತು. ರಿಕ್ಷಾದವನು ಅರ್ಧ ಏರಿಸಿ ಕೈ ಚೆಲ್ಲಿದ. ಉಳಿದದ್ದನ್ನು ಭಾವ ನನ್ನ ಹೆಗಲು ಹಿಡಿದು, ತಲೆ ತಗ್ಗಿಸಿ, ಬಹಳ ಹೊತ್ತು ಹಿಡಿದು ಏರಿದರು. ಬೇಡ ಎನ್ನಲಿಲ್ಲ, ಬೇಕು ಎಂದೂ ಅನ್ನಲಿಲ್ಲ. ಮೇಲೆ ಒಂದು ಬಂಡೆಯ ಮೇಲೆ ಕುಳಿತು ಚಪ್ಪಲಿ ನೋಡತೊಡಗಿದರು. ಮಂಕು ಬಿಸಿಲು, ಹೊಗೆ ಕವಿದ ಊರು. ಎಂಥ ಹುಚ್ಚು ಕೆಲಸಕ್ಕೆ ಬಂದೆವಪ್ಪ ಎನಿಸಿತು.

ನಾನು ವಿಮಾನದ ಬೆನ್ನಿಗೆ ರೆಕ್ಕೆ ಇಟ್ಟು ರಬ್ಬರ್ ಬ್ಯಾಂಡ್ ಬಿಗಿದೆ. ಭಾವನ ದೃಷ್ಟಿ ಚಪ್ಪಲಿಯಿಂದ ಸ್ವಲ್ಪ ಈಚೆಗೆ ಬಂತು.

"ರೆಕ್ಕೆ ಉಲ್ಟಾ ಉಂಟು," ಎಂದರು.

ತಿರುಗಿಸಿ ಇಟ್ಟೆ.

"ರಬ್ಬರ್ ಬ್ಯಾಂಡ್ ಅಡ್ಡಡ್ಡ ಹಾಕು. ಇಷ್ಟು ವರ್ಷ ಎಂತ ಕಲಿತದ್ದು ನೀನು?"

ಬೈಗುಳ ಕೇಳಿ ಇಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ. ಕೋಲು ಆಡಿಸಲು ಬಲಗೈ ಇತ್ತು, ರಿಮೋಟು ಹಿಡಿಯಲು ಎಡಗೈ ಇರಲಿಲ್ಲ. ಅಕ್ಕ ಅವರ ಎಡಕ್ಕೆ ಹೋಗಿ ನಿಂತು ರಿಮೋಟನ್ನು ಕೆಳಗಿನಿಂದ ಎರಡೂ ಕೈಯಲ್ಲಿ ಹಿಡಿದಳು. "ಟಿವಿ ರಿಮೋಟು ಕೂಡ ನನ್ನ ಕೈಗೆ ಕೊಟ್ಟವರಲ್ಲ," ಎಂದಳು, ಯಾರಿಗೋ ಎಂಬಂತೆ.

ನಾನು ಗುಡ್ಡದ ಅಂಚಿಗೆ ಹೋಗಿ ವಿಮಾನವನ್ನು ಗಾಳಿಗೆ ಎಸೆದೆ. ಅದು ಒಮ್ಮೆ ಕುಸಿಯಿತು, ಆಮೇಲೆ ಇಳಿಜಾರನ್ನು ಏರಿ ಬರುತ್ತಿದ್ದ ಗಾಳಿ ಅದನ್ನು ಎತ್ತಿಕೊಂಡಿತು. ಭಾವ ಇನ್ನೂ ರಿಮೋಟನ್ನೇ ನೋಡುತ್ತಿದ್ದರು. "ಅಗೋ ಹೋಯ್ತು! ಅಲ್ಲಿ ನೋಡಿ, ಅಲ್ಲಿ!" ಎಂದು ಅಕ್ಕ ಕೂಗಿದಳು. ಗದ್ದ ಎದೆಯಿಂದ ಎದ್ದಿತು. ತಲೆ ಬಹಳ ನಿಧಾನವಾಗಿ, ತುಕ್ಕು ಹಿಡಿದ ಬಾಗಿಲು ತೆರೆದ ಹಾಗೆ ಮೇಲಕ್ಕೆ ಬಂತು.

ವಿಮಾನ ದೂರ ಹೋಗಿ ತಿರುಗಿ ನಮ್ಮ ಕಡೆಗೆ ಬಂತು. ಬರುವಾಗ ಒಂದು ರೆಕ್ಕೆ ತಗ್ಗಿತು. ಇನ್ನೂ ತಗ್ಗಿತು. ಭಾವನ ಹೆಬ್ಬೆರಳು ಕೋಲಿನ ಮೇಲೆ ಕಲ್ಲಾಗಿತ್ತು. ನನ್ನ ಬಾಯಿಯಲ್ಲಿ ಎಡ ಎನ್ನಲೋ ಬಲ ಎನ್ನಲೋ ತಿಳಿಯದೆ ಎರಡೂ ಒಟ್ಟಿಗೆ ಬಂದವು.

"ತಗ್ಗಿದ ರೆಕ್ಕೆಗೆ ಕೋಲು ಕೊಡಿ!" ಎಂದು ಅಕ್ಕ ಕಿರುಚಿದಳು.

ಹೆಬ್ಬೆರಳು ಸರಿಯಿತು. ವಿಮಾನ ನೆಟ್ಟಗಾಗಿ, ನಮ್ಮ ತಲೆಯ ಮೇಲೆಯೇ ಸುಂಯ್ ಎಂದು ಹಾದು ಹೋಯಿತು. ಭಾವ ಅದನ್ನು ಬಿಟ್ಟು ಹೆಂಡತಿಯ ಮುಖ ನೋಡುತ್ತಿದ್ದರು. "ನಿನಗೆ ಹೇಗೆ ಗೊತ್ತು?" ಎಂದರು.

"ಇವನಿಗೆ ಬೈಯುವುದನ್ನು ಕೇಳಿ ಕೇಳಿ ಸಾಕಾಗಿದೆ. ನಂಗೆ ಕಿವಿ ಇಲ್ವಾ?"

ಇಬ್ಬರೂ ಮುಖ ಮುಖ ನೋಡಿಕೊಳ್ಳುತ್ತಿದ್ದರೆ ವಿಮಾನದ ಗತಿ? ಹಿಂದಿನ ಮುಳ್ಳಿನ ಪೊದೆಯಿಂದ ಲಟ್ ಎಂಬ ಸದ್ದು ಬಂತು! ನಾನು ಹೋಗಿ, ಕೈ ಪರಚಿಸಿಕೊಂಡು, ಎರಡು ತುಂಡಾದ ರೆಕ್ಕೆ ತಂದೆ. ಭಾವ ಅದನ್ನು ಬಲಗೈಯಲ್ಲಿ ಸವರಿ ನೋಡಿದರು. ಅರ್ಧ ಬಾಯಿಯಲ್ಲಿ ನಕ್ಕರು. "ಅಂಟಿಸಿದ್ರೆ ಆಯ್ತು," ಎಂದರು.

ಇಳಿಯುವ ದಾರಿ ಏರಿದ್ದಕ್ಕಿಂತ ಕೆಟ್ಟದ್ದಾಗಿತ್ತು, ಬರೀ ಜಾರುವ ಕಲ್ಲು. ಆ ಎಡಗೈ ಇನ್ನು ಬರುವುದಿಲ್ಲವೆಂದು ಡಾಕ್ಟರು ಹೇಳಿಯಾಗಿದೆ. ಆ ಗುಡ್ಡವೂ ಮುಂದಿನ ಮಳೆಗಾಲ ಕಾಣುವುದು ಅನುಮಾನ. ಇದನ್ನೆಲ್ಲ ಯೋಚಿಸುತ್ತ ನಾನು ಮುರಿದ ರೆಕ್ಕೆ ಹಿಡಿದು ಹಿಂದೆ ಬರುತ್ತಿದ್ದೆ. ಸ್ವಲ್ಪ ಇಳಿದ ಮೇಲೆ ಭಾವ ನಿಂತರು. ಜೆಸಿಬಿ ಅಗೆದ ಜಾಗದ ಮೇಲೆ ಎರಡು ಹದ್ದುಗಳು ರೆಕ್ಕೆ ಬಡಿಯದೆ ಸುತ್ತುತ್ತಿದ್ದವು. ಭಾವನ ತಲೆ ಅತ್ತ ಏಳಲು ಹೋಗಿ, ಕಾಲಿನ ನೆನಪಾಗಿ, ಮತ್ತೆ ಕೆಳಗೆ ಬಂತು.

ಅಕ್ಕ ಅದನ್ನು ನೋಡಿದಳು. ಬಲಗಡೆ ಇದ್ದವಳು ಸುತ್ತಿ ಎಡಗಡೆಗೆ ಬಂದು, ಆ ಜೋತುಬಿದ್ದ ಕೈಯನ್ನೆತ್ತಿ ತನ್ನ ಹೆಗಲ ಮೇಲೆ ಹಾಕಿಕೊಂಡು ಬಿಗಿಯಾಗಿ ನಿಂತಳು.

"ನೀವು ಮೇಲೆ ನೋಡಿ," ಎಂದಳು. "ಕೆಳಗೆ ನಾನು ನೋಡ್ತೇನೆ."